ಉತ್ತಯ್ಯನ ತ್ರೀ ನಾಟ್ ತ್ರೀ

ಉತ್ತಯ್ಯ ಆ ಕೋವಿಯನ್ನು ತಂದು ನನ್ನ ಗ್ಯಾರೇಜಿನ ಬೆಂಚಿನ ಮೇಲೆ ಇಟ್ಟಾಗ ನಾನು ಅವನನ್ನು ಬೈದೆ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿಯೇ ಬೈದೆ.

"ಏನಯ್ಯಾ ಇದು? ಗುಜರಿಯವನೂ ಮುಟ್ಟಲ್ವಲ್ಲೋ ಇದನ್ನ! ದುಡ್ಡು ಕೊಟ್ಟು ತಂದ್ಯಾ, ಇಲ್ಲ ಅವರೇ ಕೊಟ್ಟು ಕಳಿಸಿದ್ರಾ?"

"ನೂರೈವತ್ತು ಡಾಲರ್, ವಾಸಣ್ಣ," ಅಂದ.

"ನಿನ್ನ ತಲೆ."

ಎರಡು ಸಾವಿರದ ಹದಿನಾಲ್ಕರ ಜುಲೈ ತಿಂಗಳು. ಹೊರಗೆ ಆಕ್ಲೆಂಡಿನ ಚಳಿಗಾಲದ ಜಿಟಿಜಿಟಿ ಮಳೆ. ಹತ್ತಿರದ ಪುಕೆಕೊಹೆ ಊರಿನ ಒಬ್ಬ ಮುದುಕ ಮನೆ ಖಾಲಿ ಮಾಡಿ ವೃದ್ಧಾಶ್ರಮಕ್ಕೆ ಹೊರಟಿದ್ದನಂತೆ. ಅವನು ಹರೆಯದಲ್ಲಿ ಜಿಂಕೆ ಹೊಡೆಯುತ್ತಿದ್ದ ಕೋವಿ ಇದು. ನಮ್ಮ ಕಡೆ ಪೊಲೀಸರ ಹೆಗಲ ಮೇಲೆ ನೋಡಿದ್ದೇವಲ್ಲ, ಅದೇ ತ್ರೀ ನಾಟ್ ತ್ರೀ. ಯುದ್ಧ ಮುಗಿದ ಮೇಲೆ ಯಾರೋ ನಳಿಗೆಯ ಕೆಳಗಿನ ಮರ ಕತ್ತರಿಸಿ ಬೇಟೆಗೆ ಹಗುರ ಮಾಡಿಕೊಂಡಿದ್ದರು. ಉಳಿದ ಮರದಲ್ಲಿ ಬೆರಳುದ್ದದ ಬಿರುಕು. ನಳಿಗೆಯೊಳಗೆ ದೀಪ ಹಿಡಿದು ನೋಡಿದರೆ ಹಳೇ ಬೋರ್‌ವೆಲ್ ಪೈಪಿನಷ್ಟು ತುಕ್ಕು. ತೋಟಾ ಒಳಗೆ ತಳ್ಳುವ ಬೋಲ್ಟನ್ನು ಹಿಂದಕ್ಕೆ ಎಳೆಯಲು ನಾನು ಎರಡೂ ಕೈ ಹಾಕಬೇಕಾಯಿತು.

ಉತ್ತಯ್ಯ ವಿರಾಜಪೇಟೆ ಕಡೆಯ ಕೊಡವ. ನಲವತ್ತೊಂದು ವರ್ಷ, ಮಾತು ಕಡಿಮೆ, ಹಟ ಜಾಸ್ತಿ. ಹೆಂಡತಿ ರಶ್ಮಿತಾ ನರ್ಸ್. ಅವಳ ಕೆಲಸದ ವೀಸಾ ಹಿಡಿದು ಬಂದವನು ಮನುಕಾವ್ ಹತ್ತಿರದ ಕೋಲ್ಡ್ ಸ್ಟೋರೇಜಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದ. ನಾನು ವಾಸುದೇವ, ಮಂಡ್ಯದವನು, ಇಪ್ಪತ್ತಾರು ವರ್ಷದಿಂದ ಫಿಟ್ಟರ್. ನಮ್ಮ ಮನೆಗಳ ನಡುವೆ ಎರಡೇ ಬೀದಿ. ಕೈಕೊಟ್ಟ ಮಿಕ್ಸಿ, ಹುಲ್ಲು ಕತ್ತರಿಸುವ ಮಷೀನು, ಯಾರದೇ ಏನೇ ಕೆಟ್ಟರೂ ನನ್ನ ಬೆಂಚಿಗೇ ಬರುತ್ತದೆ. ಕೋವಿ ಮಾತ್ರ ಅದೇ ಮೊದಲು.

"ಯಾಕಯ್ಯಾ ಬೇಕಿತ್ತು ನಿಂಗೆ ಇದು? ಕೊಂದು ತಿನ್ನೋಕೆ ಅಂಗಡೀಲಿ ಕುರಿ ಸಿಗಲ್ವಾ?"

ಅವನು ನನ್ನ ಮುಖ ನೋಡಲಿಲ್ಲ. ಬೆಂಚಿನ ಮೇಲಿದ್ದ ಸ್ಪ್ಯಾನರ್ ಎತ್ತಿಕೊಂಡ. "ರಶ್ಮಿತಾಗೆ ನಾಲ್ಕು ತಿಂಗಳು ತುಂಬಿತು, ವಾಸಣ್ಣ."

"ಅರೆ, ಒಳ್ಳೇ ಸುದ್ದಿ! ಅದನ್ನ ಮೊದ್ಲು ಹೇಳೋದು ಬಿಟ್ಟು..."

"ಇದು ನಾಲ್ಕನೇದು. ಮೂರು ಹೋದವು. ಮೂರೂ ನಾಲ್ಕು ತಿಂಗಳು ಮುಟ್ಟಲಿಲ್ಲ."

ಏಳು ವರ್ಷದಿಂದ ಎರಡು ಬೀದಿ ಆಚೆ ಇದ್ದವರು. ಹಬ್ಬಕ್ಕೆ ಬರುತ್ತಿದ್ದರು, ನಗುತ್ತಿದ್ದರು, ಡಬ್ಬಿಯಲ್ಲಿ ಊಟ ಕಟ್ಟಿಸಿಕೊಂಡು ಹೋಗುತ್ತಿದ್ದರು. ನಮಗೆ ಒಂದು ಮಾತೂ ಗೊತ್ತಿರಲಿಲ್ಲ.

"ಊರಲ್ಲಿ ಮಗು ಹುಟ್ಟಿದ್ರೆ ಮನೆ ಮುಂದೆ ನಿಂತು ಒಂದು ಗುಂಡು ಹೊಡೀತೀವಿ," ಅಂದ ಉತ್ತಯ್ಯ. "ಸುತ್ತಲಿನವರಿಗೆಲ್ಲ ಗೊತ್ತಾಗ್ಬೇಕು, ಇಂಥ ಮನೆಗೆ ಒಂದು ಜೀವ ಬಂತು ಅಂತ. ಆ ಮೂರೂ ಬಂದದ್ದು ಯಾರಿಗೂ ಗೊತ್ತಾಗ್ಲಿಲ್ಲ. ಹೋದದ್ದೂ ಗೊತ್ತಾಗ್ಲಿಲ್ಲ. ನಮ್ಮಮ್ಮನಿಗೂ ನಾನು ಹೇಳಿಲ್ಲ. ಈ ಸಲ ಹೊಡೀಲೇಬೇಕು. ಸುದ್ದಿ ಮುಟ್ಟಿದ ಮಗೂನ ಹಾಗೆ ಸುಮ್ಮನೆ ಎತ್ಕೊಂಡು ಹೋಗೋಕೆ ಯಾರಿಗೂ ಆಗಲ್ಲ."

ಇದು ಅವರ ಜನದ ನಂಬಿಕೆಯೋ ಅವನೇ ಕಟ್ಟಿಕೊಂಡದ್ದೋ ನಾನು ಕೇಳಲಿಲ್ಲ. ಕೇಳುವ ಮುಖ ಆಗಿರಲಿಲ್ಲ ಅದು. ಬಾಡಿಗೆಗೋ ಎರವಲಿಗೋ ಬೇರೆ ಕೋವಿ ತಂದರಾಗದೇ ಅಂದರೆ, "ನಂದೇ ಆಗ್ಬೇಕು" ಅಂದ. ಇದಕ್ಕಾಗಿಯೇ ಹೋದ ವರ್ಷ ಸಂಜೆ ತರಗತಿಗೆ ಹೋಗಿ, ಪರೀಕ್ಷೆ ಬರೆದು ಲೈಸೆನ್ಸ್ ಮಾಡಿಸಿಕೊಂಡಿದ್ದನಂತೆ. ಲೈಸೆನ್ಸ್ ಕೊಡುವ ಮುಂಚೆ ಇಲ್ಲಿ ಪೊಲೀಸರು ಮನೆಗೆ ಬಂದು ಹೆಂಡತಿಯನ್ನು ಒಬ್ಬಳೇ ಕೂರಿಸಿಕೊಂಡು ಕೇಳುತ್ತಾರೆ, ಇವನ ಕೈಯಲ್ಲಿ ಬಂದೂಕು ಇದ್ದರೆ ನಿನಗೆ ಭಯವೇ ಎಂದು. ರಶ್ಮಿತಾ, "ಇಲ್ಲದಿದ್ದರೇ ನನಗೆ ಭಯ" ಅಂದಳಂತೆ. ಕೇಳಲು ಬಂದ ಪೊಲೀಸ್ ನಕ್ಕುಬಿಟ್ಟನಂತೆ.

ಐದು ವಾರ ನಾವಿಬ್ಬರೂ ಆ ಕೋವಿಗೆ ಗೇಯ್ದೆವು. ಶನಿವಾರ, ಭಾನುವಾರ, ಅವನ ಪಾಳಿ ಮುಗಿದ ಮಧ್ಯಾಹ್ನಗಳು. ನಳಿಗೆಗೆ ಕುದಿಯುವ ನೀರು ಸುರಿದು, ದಾರಕ್ಕೆ ಬಟ್ಟೆ ಕಟ್ಟಿ ಎಳೆದೆವು, ಎಳೆದೆವು, ಬಟ್ಟೆ ಕಂದು ಬಣ್ಣ ಬಿಡುವುದು ನಿಲ್ಲುವ ತನಕ ಎಳೆದೆವು. ಬಿರುಕಿಗೆ ಅಂಟು ತುಂಬಿ ಹಗ್ಗ ಬಿಗಿದೆ. ಮರಕ್ಕೆ ಅಗಸೆ ಎಣ್ಣೆ ತಿಕ್ಕುವ ಕೆಲಸ ಅವನದು. ಬೋಲ್ಟನ್ನು ಪೂರ್ತಿ ಬಿಚ್ಚಿ, ಎಪ್ಪತ್ತು ವರ್ಷದ ಗಟ್ಟಿ ಗ್ರೀಸ್ ಕೆರೆದು, ಒಳಗಿನ ಸ್ಪ್ರಿಂಗ್ ಬದಲಾಯಿಸಿದೆ. ತೋಟಾದ ಹಿಂಭಾಗಕ್ಕೆ ಹೊಡೆಯುವ ಪಿನ್ನು ನಾನೇ ಉಜ್ಜಿ ಕೂರಿಸಿದ್ದು. ಹಿಂದೆ ಮುಂದೆ ಎಳೆದರೆ ಬೋಲ್ಟ್ ಬೆಣ್ಣೆಯ ಹಾಗೆ ಜಾರುತ್ತಿತ್ತು.

ಈ ಐದು ವಾರದಲ್ಲಿ ಉತ್ತಯ್ಯ ಮಾತಾಡುವುದು ಕಲಿತ. ಮರ ತಿಕ್ಕುತ್ತಾ ತಿಕ್ಕುತ್ತಾ, "ಇವತ್ತು ಒದೀತಂತೆ" ಅನ್ನುವನು. "ಹೆಣ್ಣಂತೆ, ಸ್ಕ್ಯಾನಲ್ಲಿ ಹೇಳಿದ್ರು" ಅಂದ ಒಂದು ದಿನ. ಊರಲ್ಲಿ ಗುಂಡು ಹೊಡೆಯುವುದು ಗಂಡು ಮಗುವಿಗೆ ತಾನೇ ಅಂತ ಯಾರೋ ಹಿರಿಯರು ಫೋನಿನಲ್ಲಿ ಅಂದಿದ್ದರಂತೆ. "ಅವಳಿಗೂ ಹೊಡೀತೀನಿ. ಬೇಕಾದ್ರೆ ಬಂದು ತಡೀಲಿ," ಅಂದ. ಅಷ್ಟು ಉದ್ದದ ಮಾತು ಅವನ ಬಾಯಲ್ಲಿ ಕೇಳಿ ನನಗೆ ಖುಷಿಯೇ ಆಯಿತು. ಒಂದು ಸಣ್ಣ ಸೀಸೆ ಎಣ್ಣೆ ಅವನ ಕೈಗಿಟ್ಟು ಹೇಳಿದೆ, "ಬೋಲ್ಟಿಗೆ ಇದೊಂದನ್ನ ಬಿಟ್ಟು ಬೇರೆ ಏನೂ ಮುಟ್ಟಿಸ್ಬೇಡ, ತಿಳೀತಾ?" ತಲೆಯಾಡಿಸಿದ.

ಸೆಪ್ಟೆಂಬರ್ ಮೂರಕ್ಕೆ ಕೈಲ್ ಮುಹೂರ್ತ, ಅವರ ಕೋವಿ ಪೂಜೆಯ ಹಬ್ಬ. ನಾನೂ ನನ್ನ ಹೆಂಡತಿ ಶಾಂತಾನೂ ಹೋಗಿದ್ದೆವು. ದೇವರ ಫೋಟೋ ಮುಂದೆ ಕೋವಿ ಮಲಗಿತ್ತು, ಗಂಧದ ಬೊಟ್ಟು, ಹಿತ್ತಿಲಿನ ಕೆಂಪು ಕ್ಯಾಮೆಲಿಯಾ ಹೂವು. ಅಡಿಯಿಂದ ಮುಡಿಯವರೆಗೆ ಫಳಫಳ ಹೊಳೆಯುತ್ತಿತ್ತು. ನನ್ನ ಕೈಕೆಲಸದ ಹೊಳಪು ಅಂದುಕೊಂಡು ಅವರ ಅಕ್ಕಿ ಉಂಡೆ ಕಡಂಬುಟ್ಟು ಎರಡು ಹೆಚ್ಚಿಗೇ ತಿಂದೆ. ರಶ್ಮಿತಾ ಹೊಟ್ಟೆ ಹಿಡಿದುಕೊಂಡು ಸೋಫಾದಲ್ಲಿ ಕೂತಿದ್ದಳು. ಡಿಸೆಂಬರ್‌ಗೆ ಹೆರಿಗೆಯಾದ ಕೂಡಲೇ ಎಲ್ಲರೂ ಗೇಮ್ ಮಾವನ ಹೊಲಕ್ಕೆ ಹೋಗೋಣ ಅಂತ ಮಾತಾಯಿತು. ಅವನ ಹೆಸರು ಗ್ರೇಮ್, ಶಾಂತಾಳ ಬಾಯಲ್ಲಿ ಗೇಮ್ ಮಾವ. ವೈಯುಕು ಊರಿನಾಚೆ ದನ ಸಾಕಿಕೊಂಡಿರುವ, ನಮಗೆ ಪರಿಚಯದ ಬಿಳಿ ಮುದುಕ. ಊರೊಳಗೆ ಗುಂಡು ಹಾರಿಸಿದರೆ ಜೈಲು, ಅವನ ಹೊಲದಲ್ಲಿ ಮಣ್ಣಿನ ದಿಬ್ಬಕ್ಕೆ ಗುರಿಯಿಟ್ಟು ಹೊಡೆಯಬಹುದು ಎಂದು ಒಪ್ಪಿದ್ದ.

ಡಿಸೆಂಬರ್ ತನಕ ಮಗು ಕಾಯಲಿಲ್ಲ. ಆರೇ ದಿನಕ್ಕೆ, ಒಂಬತ್ತನೇ ತಾರೀಕು ಬೆಳಗಿನ ಜಾವ ಹುಟ್ಟಿತು. ಇಪ್ಪತ್ತೈದು ವಾರ. ಆರುನೂರ ಹತ್ತು ಗ್ರಾಂ.

ನಾವು ಆಸ್ಪತ್ರೆ ಮುಟ್ಟುವಾಗ ಬೆಳಕಾಗುತ್ತಿತ್ತು. ಗಾಜಿನ ಪೆಟ್ಟಿಗೆಯಲ್ಲಿ ಮಗು. ನನ್ನ ಅಂಗೈಯಷ್ಟು. ಅಯ್ಯೋ, ಅಷ್ಟು ಸಣ್ಣ ಕೈಗೂ ಐದೈದು ಬೆರಳು, ಉಗುರು ಸಮೇತ. ನಾನು ಅಲ್ಲಿ ನಿಲ್ಲಲಾರದೆ ಹೊರಗೆ ಬಂದೆ. ಡಾಕ್ಟರು ರಾತ್ರಿಯೆಲ್ಲ ಒದ್ದಾಡಿದ್ದರು, ಇನ್ನೂ ಒದ್ದಾಡುತ್ತಿದ್ದರು. ಇಂದು ಕಳೆಯಬೇಕು ಅಂದರು.

ಗಾಲಿಕುರ್ಚಿಯಲ್ಲಿ ಕೂತಿದ್ದ ರಶ್ಮಿತಾ ಗಂಡನ ತೋಳು ಹಿಡಿದಳು. "ಹೋಗಿ ಹೊಡೆದು ಬನ್ನಿ."

"ಈಗ? ನಿನ್ನ ಬಿಟ್ಟು?"

"ನಾನು ನರ್ಸು. ಆ ಮಷೀನಿನ ನಂಬರ್ ಓದೋಕೆ ನಂಗೆ ಬರುತ್ತೆ. ಹೊತ್ತಿಲ್ಲ. ಅವಳು ಇರುವಾಗಲೇ ಹೊಡೀಬೇಕು, ಹೋಗಿ."

"ಇಬ್ರಿಗೂ ತಲೆ ಕೆಟ್ಟಿದ್ಯೇನಮ್ಮಾ!" ಅಂದುಬಿಟ್ಟೆ ನಾನು. "ಅಪ್ಪ ಆದವನು ಇಲ್ಲಿರ್ಬೇಕು ಕಣಮ್ಮ, ಕೋವಿ ಹಾಳಾಗಿ ಹೋಗ್ಲಿ!"

"ವಾಸಣ್ಣ," ಅಂದಳು, "ಮೂರು ಸಲ ಇವರು ಇಲ್ಲೇ ನಿಂತಿದ್ರು. ನಿಂತು ಏನಾಯ್ತು?"

ಶಾಂತಾ ಅವಳ ಪಕ್ಕ ಕೂತು ನನಗೆ ಕಣ್ಣಲ್ಲೇ ಹೋಗು ಅಂದಳು. ಹೋದೆವು. ಉತ್ತಯ್ಯ ಕೀ ನನ್ನ ಕೈಗೆ ಹಾಕಿದ, ಅವನ ಪಿಕಪ್ ಗಾಡಿ, ಇಲ್ಲಿಯವರ ಮಾತಲ್ಲಿ ಯೂಟ್, ನಾನೇ ಓಡಿಸಿದೆ. ಅವನ ಮನೆಯ ಉಕ್ಕಿನ ಪೆಟ್ಟಿಗೆಯಿಂದ ಕೋವಿ, ಬೋಲ್ಟ್, ಹತ್ತು ತೋಟಾ ತೆಗೆದುಕೊಂಡು ವೈಯುಕು ರಸ್ತೆ ಹಿಡಿದಾಗ ಏಳು ಗಂಟೆ. ದಾರಿಯುದ್ದಕ್ಕೂ ಅವನು ಒಂದೇ ಮಾತು: "ಒಂದೇ ಗುಂಡು. ಹೊಡೆದು ತಕ್ಷಣ ವಾಪಸ್. ಹತ್ತು ಗಂಟೆಯೊಳಗೆ ಅವಳ ಹತ್ರ ಇರ್ತೀನಿ."

ಹೊಲದ ಮೇಲೆಲ್ಲ ಬಿಳಿ ಇಬ್ಬನಿ ಹೆಪ್ಪುಗಟ್ಟಿತ್ತು. ಗ್ರೇಮ್ ರಬ್ಬರ್ ಬೂಟಿನಲ್ಲಿ ಬಂದು, ಹಸುಗಳನ್ನು ಆಚೆ ಓಡಿಸಿ, ದಿಬ್ಬ ತೋರಿಸಿದ. ಒಂದೇ ಗುಂಡು ಸಾಕೇ ಎಂದು ಕೇಳಿದ. "ಹುಟ್ಟಿದ್ದಕ್ಕೆ ಒಂದು," ಅಂದ ಉತ್ತಯ್ಯ ಇಂಗ್ಲಿಷಿನಲ್ಲಿ. "ಸತ್ತದ್ದಕ್ಕೆ ಎರಡು." ಮುದುಕ ಟೋಪಿ ತೆಗೆದು ಹಿಂದೆ ಸರಿದ.

ಉತ್ತಯ್ಯ ತೋಟಾ ಹಾಕಿದ. ಕೋವಿ ಹೆಗಲಿಗೆ ಏರಿತು. ಟ್ರಿಗರ್ ಎಳೆದ.

ಟಿಕ್.

ಅಷ್ಟೇ. ಸದ್ದಿಲ್ಲ, ಹೊಗೆಯಿಲ್ಲ. ಅರ್ಧ ನಿಮಿಷ ಹಾಗೇ ಹಿಡಿದು ನಿಲ್ಲಬೇಕು, ಒಮ್ಮೊಮ್ಮೆ ತಡವಾಗಿ ಸಿಡಿಯುತ್ತದೆ. ನಿಂತ. ಆಮೇಲೆ ತೋಟಾ ಹೊರತೆಗೆದು ಇನ್ನೊಂದು ಹಾಕಿದ. ಟಿಕ್. ಮತ್ತೊಂದು. ಟಿಕ್.

ಅವನು ಆ ಹಿಮದ ಹುಲ್ಲಿನ ಮೇಲೆ ಮಂಡಿಯೂರಿ ಕುಸಿದ. "ಬೇಡ ಅಂತಾ ಇದೆ ವಾಸಣ್ಣ. ಇವಳೂ ಬೇಡ ಅಂತಾ ಇದೆ. ಇವಳನ್ನೂ ಯಾರಿಗೂ ಹೇಳಬಾರ್ದಂತೆ!" ಹಣೆಯನ್ನು ನಳಿಗೆಗೆ ಚಚ್ಚಿಕೊಳ್ಳತೊಡಗಿದ. ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. ಆಮೇಲೆ ಸಿಟ್ಟು ಬಂತು, ಆ ಸಿಟ್ಟೇ ನನ್ನನ್ನು ಕಾಪಾಡಿತು.

"ಏಳಯ್ಯಾ ಮೇಲೆ! ಕೋವಿಗೆ ಬಾಯಿಲ್ಲ, ಅದೇನೂ ಹೇಳ್ತಾ ಇಲ್ಲ. ಕೊಡು ಇಲ್ಲಿ!"

ಹುಲ್ಲಿನಿಂದ ತೋಟಾ ಆರಿಸಿ ನೋಡಿದೆ. ಹಿಂಭಾಗದಲ್ಲಿ ಪಿನ್ನಿನ ಗುರುತು ಇಷ್ಟೇ ಇಷ್ಟು, ಸೊಳ್ಳೆ ಕಚ್ಚಿದಷ್ಟು. ಅಂದರೆ ಪಿನ್ನು ಬರುತ್ತಿದೆ, ನಿಧಾನ ಬರುತ್ತಿದೆ. ಬೋಲ್ಟ್ ಕಳಚಿ ಮೂಗಿನ ಹತ್ತಿರ ಹಿಡಿದೆ. ತೆಂಗಿನೆಣ್ಣೆಯ ವಾಸನೆ! ಸಂದಿಯಲ್ಲಿ ಉಗುರು ಹಾಕಿದರೆ ಬೆಳ್ಳಗೆ, ಮೇಣದ ಹಾಗೆ ಮುದ್ದೆ.

"ಇದಕ್ಕೆ ಕೊಬ್ಬರಿ ಎಣ್ಣೆ ಹಾಕಿದ್ಯಾ?"

"ಪೂಜೆ ದಿನ..." ಅಂದ. "ಊರಲ್ಲಿ ಅದನ್ನೇ ಹಚ್ಚೋದು. ಸೀಸೇಲಿ ಗಟ್ಟಿಯಾಗಿತ್ತು, ಬಿಸಿ ಮಾಡಿ ಎಲ್ಲಾ ಸಂದಿಗೂ ಬಿಟ್ಟೆ. ಪೂಜೆಗೆ ಮಷೀನಿನ ಎಣ್ಣೆ ಹಚ್ಚೋಕೆ ಮನಸ್ಸಾಗ್ಲಿಲ್ಲ."

ಇಲ್ಲಿ ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಸೀಸೆಯನ್ನು ಬಿಸಿನೀರಿನಲ್ಲಿಟ್ಟು ಕರಗಿಸದೆ ನಮ್ಮಲ್ಲಿ ಯಾರೂ ತಲೆಗೆ ಹಚ್ಚುವುದಿಲ್ಲ. ಶಾಂತಾ ದಿನಾ ಮಾಡುತ್ತಾಳೆ. ರಶ್ಮಿತಾ ಮಾಡುತ್ತಾಳೆ. ಅದೇ ಎಣ್ಣೆ ಬೋಲ್ಟಿನೊಳಗೂ ಹೆಪ್ಪುಗಟ್ಟುತ್ತದೆ ಅಂತ ಅವನಿಗೆ ಹೊಳೆಯಲಿಲ್ಲ. ಪೂಜೆಯ ದಿನ ಕಣ್ಣಾರೆ ಆ ಹೊಳಪು ನೋಡಿದ ನನಗಾದರೂ ಹೊಳೆಯಿತೇ? ಇಪ್ಪತ್ತಾರು ವರ್ಷದ ಫಿಟ್ಟರ್! ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು.

ಗ್ರೇಮ್‌ನ ಅಡುಗೆಮನೆಗೆ ಓಡಿದೆ. ಕರೆಂಟಿನ ಜಗ್ಗಿನಲ್ಲಿ ನೀರು ಕುದಿಯುವಷ್ಟು ಹೊತ್ತು ಒಂದು ಯುಗವಾಯಿತು. ಬೋಲ್ಟಿನ ಮೇಲೆ ಸುರಿದೆ, ಎಣ್ಣೆ ಕರಗಿ ಸಿಂಕಿಗೆ ಇಳಿಯಿತು. ಮತ್ತೆ ಕುದಿಸಿದೆ, ಮತ್ತೆ ಸುರಿದೆ. ಗ್ರೇಮ್ ಒಲೆ ಪಕ್ಕದ ಬಟ್ಟೆ ಕೊಟ್ಟ, ಒರೆಸಿದೆ. ಹಿಂದಕ್ಕೆ ಎಳೆದು ಬಿಟ್ಟರೆ ಪಿನ್ನು ಚಟ್ಟನೆ ಬಡಿಯಿತು. ಬಿಸಿ ಬೋಲ್ಟನ್ನು ಅಂಗಿಯೊಳಗೆ ಹಿಡಿದುಕೊಂಡು ಓಡಿ ಬಂದೆ. ಎದೆಯ ಮೇಲೆ ಸುಟ್ಟ ಗುರುತು ವಾರಗಟ್ಟಲೆ ಇತ್ತು.

"ಹೊಡಿ."

ಉತ್ತಯ್ಯ ಹೊಡೆದ. ಆ ಸದ್ದಿಗೆ ದಿಬ್ಬದಾಚೆಯ ಹಕ್ಕಿಗಳೆಲ್ಲ ಎದ್ದವು, ಹಸುಗಳು ಬೇಲಿಗೆ ಓಡಿದವು. ಪಕ್ಕದ ಹೊಲದಲ್ಲಿ ಯಾರೋ ಟ್ರ್ಯಾಕ್ಟರ್ ನಿಲ್ಲಿಸಿ ಇತ್ತ ನೋಡಿದರು. ಉತ್ತಯ್ಯ ಆ ಟ್ರ್ಯಾಕ್ಟರಿನವನಿಗೆ ಕೈಯೆತ್ತಿ, "ಮಗಳು!" ಎಂದು ಕನ್ನಡದಲ್ಲೇ ಕೂಗಿದ. ಅವನೂ ಕೈಯೆತ್ತಿದ. ನಾನು ಗಡಿಯಾರ ನೋಡಿದೆ. ಒಂಬತ್ತಕ್ಕೆ ಹತ್ತು ನಿಮಿಷ. ಮೊದಲ ತೋಟಾವೇ ಸಿಡಿದಿದ್ದರೆ ಇಷ್ಟು ಹೊತ್ತಿಗೆ ನಾವು ಆಸ್ಪತ್ರೆಯಲ್ಲಿ ಇರುತ್ತಿದ್ದೆವು.

ಹೊಲ ತಗ್ಗಿನಲ್ಲಿದೆ, ಅಲ್ಲಿ ಫೋನ್ ಸಿಗುವುದಿಲ್ಲ. ಕೋವಿ ಕಟ್ಟಿ, ಕೆಸರಿನಲ್ಲಿ ಹೂತ ಯೂಟ್ ಎಬ್ಬಿಸಿ, ಮೂರು ಗೇಟು ತೆಗೆದು ಮುಚ್ಚಿ ರಸ್ತೆಗೆ ಏರುವ ಹೊತ್ತಿಗೆ ಒಂಬತ್ತೂ ಕಾಲು. ಫೋನ್ ಆಗಲೇ ಬಡಿದುಕೊಳ್ಳತೊಡಗಿತ್ತು. ಉತ್ತಯ್ಯನ ಬೆರಳು ಮರಗಟ್ಟಿದ್ದವು, ನಾನೇ ಒತ್ತಿ ಸ್ಪೀಕರಿಗೆ ಹಾಕಿದೆ.

"ಗುಂಡು ಹಾರಿತಾ?" ಅಂದಳು ರಶ್ಮಿತಾ. ದನಿ ಸಮಾಧಾನವಾಗಿತ್ತು. ಡ್ಯೂಟಿಯಲ್ಲಿರುವ ನರ್ಸಿನ ದನಿ.

"ಹಾರಿತು."

"ಎಷ್ಟು ಗಂಟೆಗೆ?"

"ಒಂಬತ್ತಕ್ಕೆ ಹತ್ತು ನಿಮಿಷ ಇತ್ತು," ಅಂದೆ ನಾನು.

"ಹಾಗಾದ್ರೆ ಅವಳು ಇದ್ದಳು," ಅಂದಳು. "ಆಗ ನನ್ನ ಎದೆ ಮೇಲೇ ಇದ್ದಳು."

ಉತ್ತಯ್ಯ ಫೋನನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಂಡ.

"ತೋಟಾ ಎಷ್ಟು ಉಳಿದಿವೆ?" ಎಂದು ಕೇಳಿದಳು.

"ಆರು."

"ವಾಪಸ್ ಹೋಗಿ ಇನ್ನೆರಡು ಹೊಡೆದು ಬನ್ನಿ. ನಾನು ಅವಳನ್ನ ಯಾರಿಗೂ ಕೊಡಲ್ಲ, ನೀವು ಬರೋ ತನಕ ಹಿಡಿದಿರ್ತೀನಿ."

ಯೂಟ್ ತಿರುಗಿಸಿದೆ. ಮೂರೂ ಗೇಟು ಮತ್ತೆ ತೆಗೆದೆ, ಮತ್ತೆ ಮುಚ್ಚಿದೆ. ಗ್ರೇಮ್ ಇನ್ನೂ ಅಲ್ಲೇ ನಿಂತಿದ್ದ. ನಮ್ಮನ್ನು ನೋಡಿ ಏನೂ ಕೇಳದೆ ಟೋಪಿ ತೆಗೆದ. ಉತ್ತಯ್ಯ ಎರಡು ತೋಟಾ ಹಾಕಿ, ದಿಬ್ಬದ ಕಡೆ ತಿರುಗಿ, ಒಂದರ ಹಿಂದೆ ಒಂದು ಹೊಡೆದ. ಈ ಸಲ ಎರಡೂ ಒಂದಿಷ್ಟೂ ತಡವರಿಸದೆ ಹಾರಿದವು.