ನಾಲ್ಕಕ್ಷರದ ದವಖಾನ

ನಮ್ಮ ತೆಲುಗು ಮೇಡಂ ಅವರಿಗೆ ಕಣ್ಣಿನ ಆಪರೇಷನ್ ಆದದ್ದರಿಂದ ನಾನು ಒಂದು ದಿನದ ಮಟ್ಟಿಗೆ ಟಿವಿಯಲ್ಲಿ ತೀರ್ಪು ಹೇಳುವವಳಾದೆ.

ಮೇಡಂ ತಿಂಗಳಿಗೆ ಎರಡು ದಿನ ನಗರದ ಅಂಚಿನ ಮಾದಾಪುರದ ಆಚೆಗಿದ್ದ ಒಂದು ಸ್ಟುಡಿಯೋಗೆ ಹೋಗುತ್ತಿದ್ದರು. ಅಲ್ಲಿ ತೆಲುಗಿನ ಪದ ಮತ್ತು ಅಂಕಿಗಳ ಸ್ಪರ್ಧೆಯೊಂದರ ಚಿತ್ರೀಕರಣ ನಡೆಯುತ್ತಿತ್ತು. ದಪ್ಪ ನಿಘಂಟನ್ನು ಮುಂದಿಟ್ಟುಕೊಂಡು ಕೂತು, ಸ್ಪರ್ಧಿ ಹೇಳಿದ ಪದ ತೆಲುಗಿನಲ್ಲಿ ಉಂಟೋ ಇಲ್ಲವೋ ಎಂದು ಹೇಳುವುದು ಅವರ ಕೆಲಸ. ನಾನು ಅವರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದೆ. ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಮಂಚದ ಮೇಲೆ ಕೂತಿದ್ದ ಅವರು, ಈ ಸಲ ನೀನು ಹೋಗು, ನಿಘಂಟು ನೋಡುವುದು ತಾನೇ, ಅಂದುಬಿಟ್ಟರು. ಆಗಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ನಮ್ಮ ಮನೆ ಮಾತು ಕನ್ನಡ. ಅಪ್ಪ ರಾಯಚೂರು ಕಡೆಯಿಂದ ಪಟಾನ್‌ಚೆರು ದಾರಿಯಲ್ಲಿದ್ದ ಕೇಂದ್ರ ಸರ್ಕಾರದ ಕಾರ್ಖಾನೆಗೆ ಕೆಲಸಕ್ಕೆ ಬಂದವರು. ನಾನು ಹುಟ್ಟಿದ್ದು ಅಲ್ಲಿನ ಕ್ವಾರ್ಟರ್ಸಿನಲ್ಲಿ, ಓದಿದ್ದು ತೆಲುಗು ಮೀಡಿಯಮ್ಮಿನಲ್ಲಿ. ತೆಲುಗು ನನಗೆ ಇಷ್ಟವಾಯಿತು, ಎಂ.ಎ.ಯಲ್ಲಿ ಮೊದಲಿಗಳಾದೆ. ಫಲಿತಾಂಶ ಹಚ್ಚಿದ ದಿನ ಬೋರ್ಡಿನ ಮುಂದೆ ನನ್ನ ಬೆನ್ನ ಹಿಂದೆ ಯಾರೋ, ಕನ್ನಡದವಳಿಗೆ ತೆಲುಗಿನಲ್ಲಿ ಫಸ್ಟು ಹೇಗೆ ಬಂತು ಎಂದು ಕೇಳಿದ್ದರು. ತಿರುಗಿ ನೋಡುವ ಧೈರ್ಯ ಆಗಿರಲಿಲ್ಲ. ಅಂದಿನಿಂದ ಹೊರಗೆ ಮಾತಾಡುವಾಗ ಪ್ರತಿ ಪದವನ್ನೂ ಒಮ್ಮೆ ಒಳಗೇ ಆಡಿ ನೋಡಿಕೊಂಡು ಆಮೇಲೆ ಆಡುತ್ತಿದ್ದೆ.

ಹೊರಡುವ ಬೆಳಿಗ್ಗೆ ಅವ್ವ ಜಡೆ ಹಾಕುತ್ತಾ, "ನಾವು ಕನ್ನಡದ ಮಂದಿ ಅಂತ ಅಲ್ಲಿ ಹೇಳಾಕ ಹೋಗಬ್ಯಾಡವಾ. ಯಾ ಊರು ಅಂತ ಕೇಳಿದ್ರ ಪಟಾನ್‌ಚೆರು ಅನ್ನು, ಸಾಕು" ಅಂದಳು. ನನಗೂ ಅದೇ ಯೋಚನೆ ಇತ್ತು. ಆದರೆ ಅವ್ವನ ಬಾಯಿಂದ ಬಂದಾಗ ಅದು ಇನ್ನಷ್ಟು ದೊಡ್ಡದಾಯಿತು. ಎರಡು ಬಸ್ಸು ಬದಲಿಸಿ, ಬಂಡೆಗಳ ನಡುವೆ ಹೊಸದಾಗಿ ಕಡಿದ ರಸ್ತೆಯಲ್ಲಿ ನಡೆದು ಸ್ಟುಡಿಯೋ ಮುಟ್ಟುವಷ್ಟರಲ್ಲಿ ಅಂಗೈ ಬೆವರಿ, ಕೈಯಲ್ಲಿದ್ದ ಮೇಡಂ ಅವರ ಚೀಟಿ ಒದ್ದೆಯಾಗಿತ್ತು. ನಿರ್ಮಾಪಕರು ತೆಳ್ಳಗಿನ ಮನುಷ್ಯ, ಕುತ್ತಿಗೆಗೆ ಹೆಡ್‌ಫೋನು ತೂಗುಹಾಕಿಕೊಂಡಿದ್ದರು. ಚೀಟಿ ಓದಿ ಯಾವ ಊರು ಎಂದು ಕೇಳಿದರು. ಪಟಾನ್‌ಚೆರು ಅಂದೆ. ಅವರು ತಲೆಯಾಡಿಸಿ ಹೋದರು.

ಒಳಗೆ ಚಳಿ. ಮೇಲಿನ ದೀಪಗಳಿಂದ ಮುಖಕ್ಕೆ ಮಾತ್ರ ಸೆಕೆ. ಆಟದ ನಿಯಮ ಸರಳವಾಗಿತ್ತು. ಒಂಬತ್ತು ಅಕ್ಷರಗಳನ್ನು ಫಲಕದ ಮೇಲೆ ಇಡುತ್ತಾರೆ. ಒತ್ತು, ಗುಣಿತ ಬೇಕಾದಂತೆ ಹಚ್ಚಿಕೊಳ್ಳಬಹುದು. ಒಂದು ನಿಮಿಷದಲ್ಲಿ ಯಾರು ಉದ್ದದ ಪದ ಕಟ್ಟುತ್ತಾರೋ ಅವರಿಗೆ ಆ ಪದದಲ್ಲಿ ಎಷ್ಟು ಅಕ್ಷರವೋ ಅಷ್ಟು ಅಂಕ, ಇನ್ನೊಬ್ಬರಿಗೆ ಸೊನ್ನೆ. ಅಂಕಿಗಳ ಸುತ್ತಿನಲ್ಲಿ ಆರು ಅಂಕಿ ಕೊಟ್ಟು, ಕೂಡಿ ಕಳೆದು ಗುಣಿಸಿ ಒಂದು ಮೊತ್ತ ಮುಟ್ಟಲು ಹೇಳುತ್ತಾರೆ. ಸರಿಯಾಗಿ ಮುಟ್ಟಿದವರಿಗೆ ಐದು.

ಮೊದಲಿನ ಎರಡು ಆಟ ಸುಸೂತ್ರವಾಗಿ ಮುಗಿದವು. ಬಂದ ಪದಗಳೆಲ್ಲ ನಿಘಂಟಿನಲ್ಲಿದ್ದವು. ನನ್ನ ಭುಜ ಸ್ವಲ್ಪ ಸಡಿಲವಾಯಿತು. ಮೂರನೆಯ ಆಟಕ್ಕೆ ಬಂದವರಲ್ಲಿ ಒಬ್ಬರು ಜೀಡಿಮೆಟ್ಲಾದ ಬಣ್ಣದ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರು. ಉಗುರಿನ ಬುಡದಲ್ಲಿ ಇನ್ನೂ ಹಳದಿ ಕಲೆ ಉಳಿದಿತ್ತು. ಮೆದಕ್ ಕಡೆಯವರು. ಇನ್ನೊಬ್ಬರು ಹೈಸ್ಕೂಲಿನ ಗಣಿತದ ಟೀಚರು, ಗುಂಟೂರು ಕಡೆಯಿಂದ ಬಂದು ಈ ಊರಲ್ಲಿ ನೆಲೆಸಿದವರು. ಗಂಜಿ ಹಾಕಿದ ಕಾಟನ್ ಸೀರೆ, ನೆಟ್ಟಗೆ ಕೂರುವ ಅಭ್ಯಾಸ. ಇಬ್ಬರೂ ಬಿಟ್ಟುಕೊಡುವವರಲ್ಲ. ಒಂದು ಸುತ್ತು ಇವರದಾದರೆ ಇನ್ನೊಂದು ಅವರದು. ಕೊನೆಗೆ ಒಂದು ಪದದ ಸುತ್ತು, ಒಂದು ಅಂಕಿಯ ಸುತ್ತು ಉಳಿದಾಗ ಟೀಚರಿಗೆ ಮೂವತ್ತಮೂರು, ಹಿರಿಯರಿಗೆ ಮೂವತ್ತೊಂದು.

ಫಲಕದ ಮೇಲೆ ದ, ವ, ಖ, ನ, ಟ, ಠ, ಬ, ಷ, ಜ ಬಂದವು. ಗಡಿಯಾರದ ಮುಳ್ಳು ಸುತ್ತಿತು. ಟೀಚರು "ನವಾಬು" ಅಂದರು. ಮೂರು ಅಕ್ಷರ. ಹಿರಿಯರು ತಮ್ಮ ಕಾಗದವನ್ನು ಎತ್ತಿ ಹಿಡಿದು "ದವಖಾನ" ಅಂದರು. ನಾಲ್ಕು.

ಆಸ್ಪತ್ರೆಗೆ ನಮ್ಮ ಅವ್ವ ದವಾಖಾನಿ ಎನ್ನುತ್ತಾಳೆ. ಸರಿ ಎನ್ನಲು ಬಾಯಿ ತೆರೆದವಳು ಅಲ್ಲೇ ತಡೆದುಕೊಂಡೆ. ಈ ಪದ ನನಗೆ ಗೊತ್ತಿರುವುದು ತೆಲುಗಿನಿಂದಲೋ, ಅವ್ವನಿಂದಲೋ? ಇಷ್ಟು ಹತ್ತಿರದ ಪದ ಎಂದರೆ ಅದು ಕನ್ನಡವೇ ಇರಬೇಕಲ್ಲ. ನಿರೂಪಕರು ನನ್ನ ಕಡೆ ತಿರುಗಿ ನಗುತ್ತಿದ್ದರು. ಕ್ಯಾಮೆರಾದ ಕೆಂಪು ದೀಪವೂ ನನ್ನ ಕಡೆ ತಿರುಗಿತ್ತು. ನಿಘಂಟು ತೆಗೆದೆ. ಹಾಳೆಗಳು ಬೆರಳಿಗೆ ಅಂಟುತ್ತಿದ್ದವು. ದವ ಎಂದರೆ ಕಾಡುಗಿಚ್ಚು, ಅದು ಇತ್ತು. ಅದಾದ ಮೇಲೆ ನೇರವಾಗಿ ದವಡ ಬಂದಿತ್ತು, ದವಡೆ. ನಡುವೆ ಏನೂ ಇರಲಿಲ್ಲ. ಮತ್ತೊಮ್ಮೆ ನೋಡಿದೆ. ಅಕ್ಷರಗಳು ಕಾಣುತ್ತಿದ್ದವು, ತಲೆಗೆ ಹೋಗುತ್ತಿರಲಿಲ್ಲ. ಬೆನ್ನ ಹಿಂದೆ ಆ ಬೋರ್ಡಿನ ಮುಂದಿನ ದನಿಯೇ ಕೇಳಿದಂತಾಯಿತು.

"ನಿಘಂಟಿನಲ್ಲಿ ಇಲ್ಲ. ಒಪ್ಪಲಾಗುವುದಿಲ್ಲ" ಅಂದೆ.

ಮೂರು ಅಂಕ ಟೀಚರಿಗೆ ಹೋಯಿತು. ಮೂವತ್ತಾರು, ಮೂವತ್ತೊಂದು. ದೀಪ ಆರಿಸಿ ಕಾಲು ಗಂಟೆ ಬಿಡುವು ಕೊಟ್ಟರು.

ನಾನು ಕುರ್ಚಿಯಿಂದ ಏಳಲಿಲ್ಲ. ನಿಘಂಟಿನ ಅದೇ ಪುಟವನ್ನು ತೆರೆದಿಟ್ಟುಕೊಂಡು ಕೂತೆ. ಹಿರಿಯರು ಚಹಾದ ಲೋಟ ಹಿಡಿದುಕೊಂಡು ನನ್ನ ಕಡೆಗೇ ಬಂದರು. ಬೈಯುತ್ತಾರೆ ಅಂದುಕೊಂಡೆ. ಅವರು ಬೈಯಲಿಲ್ಲ. ಮೇಜಿನ ಮೇಲೆ ಒಂದು ಕೈ ಊರಿ, ನಿಘಂಟಿನ ಕಡೆ ನೋಡುತ್ತಾ, "ಮರಿ ದಾನ್ನಿ ಏಮನಾಲೆ ಅಮ್ಮಾ?" ಎಂದು ಕೇಳಿದರು. ಹಾಗಾದರೆ ಅದಕ್ಕೆ ಏನನ್ನಬೇಕಮ್ಮಾ ಎಂದು. ಕೊಂಕು ಇರಲಿಲ್ಲ. ತಿಳಿದವಳಿದ್ದಾಳೆ, ಕೇಳಿ ತಿಳಿದುಕೊಳ್ಳೋಣ ಎಂಬಂತೆ ಕೇಳಿದ್ದರು. ಹುಟ್ಟಿದಾಗಿನಿಂದ ತಮ್ಮ ಊರಲ್ಲಿ ಎಲ್ಲರೂ ಹಾಗೇ ಅನ್ನುವುದಂತೆ. ತಪ್ಪಿದ್ದರೆ ಮೊಮ್ಮಕ್ಕಳಿಗಾದರೂ ಸರಿಯಾದದ್ದು ಹೇಳಿಕೊಡುತ್ತೇನೆ ಅಂದರು.

ಆಸುಪತ್ರಿ ಅನ್ನಬಹುದಿತ್ತು. ಅದು ಇಂಗ್ಲಿಷಿನಿಂದ ಬಂದದ್ದು, ನಿಘಂಟಿನಲ್ಲಿತ್ತು. ನವಾಬು ಉರ್ದುವಿನ ದಾರಿಯಲ್ಲಿ ಬಂದದ್ದು, ಅದೂ ಇತ್ತು. ಈ ಹಿರಿಯರ ಪದ ಮಾತ್ರ ಇರಲಿಲ್ಲ. ನನಗೆ ಒಂದು ಸಂಗತಿ ಅಲ್ಲಿಯೇ ಸ್ಪಷ್ಟವಾಯಿತು. ನಾನು ಇಲ್ಲ ಅಂದದ್ದು ನಿಘಂಟಿಗೆ ಅಂಜಿ ಅಲ್ಲ. ಪದ ನಮ್ಮ ಮನೆಯದೂ ಆಗಿತ್ತು, ಒಪ್ಪಿದರೆ ಸಿಕ್ಕಿಬೀಳುತ್ತೇನೆಂದು ಅಂಜಿದ್ದೆ. ಎದ್ದು ನಿರ್ಮಾಪಕರ ಹತ್ತಿರ ಹೋದೆ.

ಅವರು ಯಾರೊಂದಿಗೋ ದೀಪದ ವಿಷಯ ಮಾತಾಡುತ್ತಿದ್ದರು. ನಾನು ತೀರ್ಪು ತಪ್ಪಾಯಿತು ಎಂದೆ. ನಿಘಂಟಿನಲ್ಲಿ ಇದೆಯೇ ಎಂದು ಕೇಳಿದರು. ಇಲ್ಲ ಅಂದೆ. ಮತ್ತೆ ಇದೇನು ಎಂಬಂತೆ ನೋಡಿದರು. ಮೆದಕ್, ಕರೀಂನಗರ, ಈ ಊರು, ಎಲ್ಲ ಕಡೆ ತೆಲುಗಿನವರೇ ಆಡುವ ಪದ ಇದು, ಪುಸ್ತಕ ಬರೆದವರು ಆ ಕಡೆ ಹೋಗಿಲ್ಲ ಅಷ್ಟೇ ಎಂದೆ. ಅವರು ಗಡಿಯಾರ ನೋಡಿಕೊಂಡರು. ಮೆದಕ್ ಕಡೆಯದೋ ಗುಂಟೂರು ಕಡೆಯದೋ, ಯಾರ ತೆಲುಗು ನಿಜವಾದ ತೆಲುಗು ಎಂಬ ಜಗಳ ಆಗಲೇ ಊರಲ್ಲಿ ಬೂದಿ ಮುಚ್ಚಿದ ಕೆಂಡದಂತಿತ್ತು. ಅವರ ಮುಖ ನೋಡಿದರೆ ಅವರಿಗೂ ಭಯವೇ ಎಂದು ಅನ್ನಿಸಿತು.

"ನಾಳೆ ಯಾರಾದರೂ ಕೇಳಿದರೆ ಉತ್ತರ ಹೇಳಬೇಕಾದವರು ನೀವು" ಎಂದರು. "ಕ್ಯಾಮೆರಾದ ಮುಂದೆ ನೀವೇ ಹೇಳಿ."

ದೀಪ ಮತ್ತೆ ಹತ್ತಿತು. ಹೇಳಬೇಕಾದ್ದನ್ನು ಅಂಗೈ ಮೇಲೆ ಪೆನ್ನಿನಿಂದ ಬರೆದುಕೊಂಡಿದ್ದೆ. ಬೆವರಿಗೆ ಅದು ಕಲಸಿಹೋಗಿತ್ತು. ನಿರೂಪಕರು ನನ್ನ ಹೆಸರು ಕರೆದರು. ನಾನು ತೆಲುಗಿನಲ್ಲಿ, ಸ್ವಲ್ಪ ಮುಂಚೆ ಹೇಳಿದ ತೀರ್ಪು ನನ್ನ ತಪ್ಪು, ಪದ ಬಳಕೆಯಲ್ಲಿದೆ, ಅಂಕ ಹಿರಿಯರಿಗೆ ಸಲ್ಲಬೇಕು ಎಂದೆ. ಯಾವ ಪದ ಎಂದು ನೋಡುವವರಿಗೆ ತಿಳಿಯಲೆಂದು ಅದನ್ನು ಇನ್ನೊಮ್ಮೆ ಆಡಿದೆ. ಬಾಯಿಂದ ಬಂದದ್ದು "ದವಾಖಾನಿ."

ದವಖಾನ ಅನ್ನಲಿಲ್ಲ. ಅವ್ವ ಅನ್ನುವ ಹಾಗೆ, ಕೊನೆಯಲ್ಲಿ ನಿ ಹಚ್ಚಿ, ದವಾಖಾನಿ. ನಿರೂಪಕರಿಗೆ ಗೊತ್ತಾಗಲಿಲ್ಲ. ನಿರ್ಮಾಪಕರು ನಿಲ್ಲಿಸಲಿಲ್ಲ. ಟೀಚರು ಮಾತ್ರ ಕಾಗದದಿಂದ ತಲೆ ಎತ್ತಿ ನನ್ನನ್ನೇ ನೋಡಿದರು, ಬಹಳ ಹೊತ್ತು.

ಅಂಕ ತಿದ್ದಿದರು. ಹಿರಿಯರಿಗೆ ಮೂವತ್ತೈದು, ಟೀಚರಿಗೆ ಮೂವತ್ತಮೂರು. ಕೊನೆಯ ಸುತ್ತಿನ ಅಂಕಿಗಳು ಎಪ್ಪತ್ತೈದು, ಎಂಟು, ಆರು, ನಾಲ್ಕು, ಮೂರು, ಎರಡು. ಮುಟ್ಟಬೇಕಾದ್ದು ಆರುನೂರ ಹದಿಮೂರು. ಯಾರಾದರೂ ಒಬ್ಬರು ತಪ್ಪಲಿ, ಇನ್ನೊಬ್ಬರು ತಮ್ಮ ಲೆಕ್ಕದಿಂದಲೇ ಗೆಲ್ಲಲಿ, ನನ್ನ ತೀರ್ಪಿನಿಂದ ಗೆದ್ದರು ಸೋತರು ಅನ್ನುವ ಮಾತು ಬರದಿರಲಿ ಎಂದು ಮೇಜಿನ ಕೆಳಗೆ ಬೆರಳು ಹೆಣೆದುಕೊಂಡು ಕೂತೆ. ಹಿರಿಯರು ಎಪ್ಪತ್ತೈದನ್ನು ಎಂಟರಿಂದ ಗುಣಿಸಿ ಆರುನೂರು ಮಾಡಿ, ಆರು, ನಾಲ್ಕು, ಮೂರನ್ನು ಕೂಡಿಸಿದರು. ಸರಿ. ಟೀಚರು ಆರುನೂರಕ್ಕೆ ಆರೆರಡಲ ಹನ್ನೆರಡು ಸೇರಿಸಿ, ನಾಲ್ಕರಲ್ಲಿ ಮೂರು ಕಳೆದ ಒಂದನ್ನು ಕೂಡಿಸಿದರು. ಅದೂ ಸರಿ. ಇಬ್ಬರಿಗೂ ಐದೈದು. ನಲವತ್ತು, ಮೂವತ್ತೆಂಟು.

ಎರಡು ಅಂಕ. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಟೀಚರು ಗೆದ್ದಿರುತ್ತಿದ್ದರು.

ಮುಖದ ಬಣ್ಣ ಒರೆಸುವ ಕೋಣೆಯಲ್ಲಿ ಅವರು ನನ್ನ ಹಿಂದೆಯೇ ಬಂದು ಬಾಗಿಲು ಹಾಕಿದರು. ಕನ್ನಡಿಯಲ್ಲಿ ಅವರ ಮುಖ ನನ್ನ ಮುಖದ ಮೇಲುಗಡೆ ಕಾಣುತ್ತಿತ್ತು. ಸಿಂಧನೂರಿನ ಹತ್ತಿರ ತೆಲುಗು ರೈತರು ಬಂದು ನೆಲೆಸಿದ ಕ್ಯಾಂಪೊಂದರಲ್ಲಿ ತಮ್ಮ ಅಕ್ಕ ಇದ್ದಾಳೆ, ಬೇಸಿಗೆ ರಜೆಗೆಲ್ಲ ಅಲ್ಲಿಗೇ ಹೋಗುವುದು ಎಂದು ತೆಲುಗಿನಲ್ಲಿ ಹೇಳಿದರು. ಆಮೇಲೆ ಅವರು ಆಡಿದ್ದು ಕನ್ನಡ, ಅಕ್ಕನ ಊರಿನ ಕನ್ನಡ.

"ನೀವು ಕನ್ನಡದೋರು ಅಲ್ರಿ?"

ಅಷ್ಟು ವರ್ಷ ಹೊರಗಿನವರ ಬಾಯಲ್ಲಿ ಕೇಳಬಾರದು ಅಂದುಕೊಂಡಿದ್ದ ಪ್ರಶ್ನೆ. ಹೌದ್ರಿ ಅಂದೆ. ಸುಳ್ಳು ಹೇಳುವಷ್ಟೂ ಶಕ್ತಿ ಉಳಿದಿರಲಿಲ್ಲ. ಅವರು ಮತ್ತೆ ತೆಲುಗಿಗೆ ತಿರುಗಿ, ನಾನು ಇದನ್ನು ಬಿಡುವವಳಲ್ಲ, ಸ್ಟುಡಿಯೋದವರಿಗೆ ಬರೆಯುತ್ತೇನೆ ಎಂದರು. ದನಿ ಏರಿರಲಿಲ್ಲ. ಕಣ್ಣಲ್ಲಿ ನೀರಿತ್ತೆಂದು ನನಗೆ ಈಗಲೂ ಅನ್ನಿಸುತ್ತದೆ, ಖಚಿತವಿಲ್ಲ.

ಆಮೇಲಿನ ಮೂರು ವಾರ ಹೇಗೆ ಕಳೆದೆನೋ. ಜ್ವರ ಎಂದು ಹೇಳಿ ಕಾಲೇಜಿಗೆ ಹೋಗಲಿಲ್ಲ. ಅಂಚೆಯವನ ಸೈಕಲ್ಲಿನ ಗಂಟೆ ಕೇಳಿದರೆ ಒಳಮನೆಗೆ ಹೋಗುತ್ತಿದ್ದೆ. ಪತ್ರದಲ್ಲಿ ಏನು ಬರೆದಿರುತ್ತಾರೆಂದು ನಾನೇ ಮನಸ್ಸಿನಲ್ಲಿ ಬರೆದು ಬರೆದು ನೋಡಿಕೊಳ್ಳುತ್ತಿದ್ದೆ. ಕನ್ನಡದವಳನ್ನು ತಂದು ತೆಲುಗಿನ ತೀರ್ಪಿಗೆ ಕೂರಿಸಿದ್ದೀರಿ. ತನ್ನ ಮನೆಯ ಪದವನ್ನು ನಮ್ಮ ಭಾಷೆಗೆ ತುರುಕಿದಳು. ಮೇಡಂ ಹೆಸರಿಗೂ ಮಸಿ, ನನ್ನ ಪಿಎಚ್‌ಡಿಗೂ ಕಲ್ಲು. ಆಟ ಟಿವಿಯಲ್ಲಿ ಬಂದ ಸಂಜೆ ಅಕ್ಕಪಕ್ಕದವರೆಲ್ಲ ನಮ್ಮ ಮನೆಯಲ್ಲೇ ಕೂತು ನೋಡಿದರು. ನಾನು ಅಡುಗೆಮನೆಯಿಂದ ಆಚೆ ಬರಲಿಲ್ಲ. ಮರುದಿನ ಅಪ್ಪ ನನ್ನ ಹಾಸಿಗೆಯ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಏನಾಗಿದೆ ಎಂದು ಒಂದೊಂದಾಗಿ ಕೇಳಿ ತಿಳಿದುಕೊಂಡರು. ನಾನು ಸಿಕ್ಕಿಬಿದ್ದದ್ದನ್ನೂ ಹೇಳಿದೆ.

"ಜ್ವರ ಅಂತ ಎಷ್ಟು ದಿನ ಮಲಗ್ತಿ? ಮೇಡಂ ಕಡೆ ಹೋಗಿ ನೀನಽ ಹೇಳು. ಬ್ಯಾರೆಯವರು ಹೇಳಿ ಗೊತ್ತಾಗೋದು ಭಾಳ ಕೆಟ್ಟ" ಎಂದರು.

ಹೋದೆ. ಮೇಡಂ ಆಗಲೇ ಓಡಾಡುವಂತಾಗಿದ್ದರು. ನಾನು ಬಾಯಿ ತೆರೆಯುವ ಮೊದಲೇ ಮೇಜಿನ ಡ್ರಾಯರಿನಿಂದ ಒಂದು ಲಕೋಟೆ ತೆಗೆದು ಮುಂದೆ ಇಟ್ಟರು. ಸ್ಟುಡಿಯೋದವರು ಅವರಿಗೆ ಕಳಿಸಿದ್ದರು. ಟೀಚರ ಅಕ್ಷರ ದುಂಡಗೆ, ಕರಿಹಲಗೆಯ ಮೇಲೆ ಬರೆದು ರೂಢಿಯಾದ ಕೈ. ಒಂದೇ ಪುಟ. ತೀರ್ಪನ್ನು ಒಮ್ಮೆ ಹೇಳಿದ ಮೇಲೆ ಬಿಡುವಿನಲ್ಲಿ ಬದಲಿಸುವುದು ಯಾವ ಆಟದ ನಿಯಮ ಎಂದು ಕೇಳಿದ್ದರು. ನಿಘಂಟಿನಲ್ಲಿ ಇಲ್ಲದ ಪದಕ್ಕೆ ಏನು ಮಾಡಬೇಕೆಂದು ಆಟಕ್ಕೆ ಮೊದಲೇ ಎಲ್ಲರಿಗೂ ಹೇಳಬೇಕಿತ್ತು ಎಂದಿದ್ದರು. ಗೆದ್ದವರ ಮೇಲೆ ತಮ್ಮ ದೂರು ಇಲ್ಲ ಎಂದಿದ್ದರು. ಕೆಳಗೆ ಸಹಿ. ಪುಟ ತಿರುಗಿಸಿದೆ, ಹಿಂದೆ ಖಾಲಿ. ನಾನು ಯಾವ ಊರಿನವಳು, ಯಾವ ಮಾತಿನವಳು ಎಂಬ ಸುದ್ದಿಯೇ ಅದರಲ್ಲಿ ಇರಲಿಲ್ಲ.

ಅಲ್ಲೇ ಕುರ್ಚಿಯಲ್ಲಿ ಕೂತು ಅತ್ತೆ. ಮೇಡಂ ಅಳಲು ಬಿಟ್ಟರು. ನಿಮ್ಮ ಮನೆಯ ಮಾತು ಯಾವುದೆಂದು ನನಗೆ ನೀನು ಸೇರಿದ ದಿನವೇ ಗೊತ್ತು, ಅರ್ಜಿಯಲ್ಲಿ ನೀನೇ ಬರೆದಿದ್ದೀಯಲ್ಲ ಎಂದರು. ಪದದ ವಿಷಯ ಕೇಳಿದಾಗ ಮಾತ್ರ ಸ್ವಲ್ಪವೂ ಸಡಿಲ ಬಿಡಲಿಲ್ಲ. ನಾನಾಗಿದ್ದರೆ ಇಲ್ಲ ಅನ್ನುತ್ತಿದ್ದೆ, ಅಂದ ಮೇಲೆ ಬದಲಿಸುತ್ತಿರಲಿಲ್ಲ ಎಂದರು. ನಾನು ಪದ ತೆಲುಗಿನದೇ ಎಂದೆ. ಮೇಡಂ ಎದುರು ನಾನು ಹಾಗೆ ಎದುರಾಡಿದ್ದು ಅದೇ ಮೊದಲು. ಅವರು ಒಪ್ಪಲಿಲ್ಲ, ಸಿಟ್ಟೂ ಆಗಲಿಲ್ಲ. ಟೀಚರಿಗೆ ಉತ್ತರ ನೀನೇ ಬರೆ ಎಂದು ಕಾಗದ ಕೊಟ್ಟರು.

ಹಿರಿಯರು ಮುಂದಿನ ಸುತ್ತಿನಲ್ಲಿ ಒಬ್ಬ ಕಾಲೇಜು ಹುಡುಗಿಯ ಎದುರು ಸೋತರೆಂದು ಆಮೇಲೆ ಕೇಳಿದೆ. ಅವರ ಪ್ರಶ್ನೆಗೆ ನಾನು ಉತ್ತರ ಕೊಡಲೇ ಇಲ್ಲ.

ಟೀಚರಿಗೆ ಬರೆದದ್ದು ಎಂಟು ಸಾಲು. ತೀರ್ಪು ಒಂದೇ ಸಲ ಹೇಳಬೇಕಿತ್ತು, ಆ ವಿಷಯದಲ್ಲಿ ನೀವು ಹೇಳಿದ್ದೆಲ್ಲ ಸರಿ, ಮೊದಲ ಸಲ ನಾನು ಹೆದರಿ ತಪ್ಪು ಹೇಳಿದೆ, ಅದರ ನಷ್ಟ ನಿಮಗಾಯಿತು, ಕ್ಷಮಿಸಿ ಎಂದು ಬರೆದೆ. ಪದದ ಬಗ್ಗೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮೇಡಂ ಕಾಗದವನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ನಿಧಾನವಾಗಿ ಓದಿದರು. ಒಂದು ಕಡೆ ಒತ್ತಕ್ಷರ ತಿದ್ದಿ, ಅಂಚೆಗೆ ಹಾಕು ಎಂದರು.