ಸೋಮವಾರ ಯುದ್ಧವಿಲ್ಲ

ನಮ್ಮ ಅತ್ತೆಯವರ ಎಡಗಿವಿಯ ಹಾಲೆ ಉದ್ದಕ್ಕೆ ಇಳಿಬಿದ್ದಿತ್ತು. ಎಳವೆಯಿಂದ ತೂಕದ ಝುಮಕಿ ಹಾಕಿಕೊಂಡು ತೂತು ಹಿಗ್ಗಿ, ಅದರೊಳಗಿಂದ ಹಿಂದಿನ ಗೋಡೆಯ ಸುಣ್ಣ ಕಾಣುತ್ತಿತ್ತು. ತಲೆಯ ಮೇಲೆ ಸದಾ ಸೆರಗು. ಕೇಳಲು ಯೋಗ್ಯವಾದ ಮಾತು ಬಂದರೆ ಮಾತ್ರ ಅವರು ಸೆರಗನ್ನು ಆ ಕಿವಿಯ ಹಿಂದಕ್ಕೆ ಸರಿಸುತ್ತಿದ್ದರು. ಕಿವಿ ಹೊರಗೆ ಬಂತೆಂದರೆ ಕಚೇರಿ ಶುರು. ಸೆರಗು ಮುಂದೆ ಬಂತೆಂದರೆ ಮುಗಿಯಿತು, ಎದುರಿಗಿದ್ದವರು ಎದ್ದು ಹೋಗಬಹುದು. ಬೀಗರು, ಬಳೆಗಾರ, ಕೊನೆಗೆ ನಮ್ಮ ಮಾವನವರು ಕೂಡ ಆ ಕಿವಿಯನ್ನು ನೋಡಿಕೊಂಡೇ ಮಾತಾಡುತ್ತಿದ್ದರು.

ಆ ಕಿವಿಗೆ ನಾನು ಜಗತ್ತಿನ ಇತಿಹಾಸವನ್ನೆಲ್ಲ ಹೇಳಿದ್ದೇನೆ. ಒಂದು ಊರನ್ನು ಬಿಟ್ಟು.

ತೊಂಬತ್ತರ ದಶಕದ ನಡುವೆ ನಾನು ದೊಡವಾಡದಿಂದ ಬೈಲಹೊಂಗಲದ ಈ ಮನೆಗೆ ಸೊಸೆಯಾಗಿ ಬಂದಾಗ ನನ್ನ ಜೊತೆ ಬಂದದ್ದು ಒಂದು ಟ್ರಂಕು, ಒಂದು ಹೊಲಿಗೆ ಯಂತ್ರ ಮತ್ತು ಬಿ.ಎ.ದಲ್ಲಿ ಉಳಿದುಹೋದ ಒಂದು ಪೇಪರು: ಪ್ರಾಚೀನ ಮತ್ತು ಮಧ್ಯಯುಗದ ಜಗತ್ತಿನ ಇತಿಹಾಸ. ಮೊದಲಿನ ಎರಡರ ಬಗ್ಗೆ ಮದುವೆ ಮಾತುಕತೆಯಲ್ಲೇ ತೀರ್ಮಾನವಾಗಿತ್ತು. ಮೂರನೆಯದನ್ನು ನನ್ನ ಅಪ್ಪ "ಅದೇನ, ಆಗೇ ಆಗತೈತ್ರಿ" ಎಂದು ದಾಟಿಸಿದ್ದರು. ಅದು ಆಗಲಿಲ್ಲ. ಮದುವೆಗೆ ಮುಂಚೆ ಒಮ್ಮೆ ಫೇಲಾದೆ, ಮದುವೆಯಾದ ಮೇಲೆ ಇನ್ನೊಮ್ಮೆ. ಓದಿರಲಿಲ್ಲವೆಂದಲ್ಲ. ಮೊದಲ ಪ್ರಶ್ನೆಯೇ ಯಾವುದಾದರೂ ಯುದ್ಧದ್ದು ಬಂದರೆ ಇಸವಿಗಳು ಹಿಂದುಮುಂದಾಗಿ, ಇದು ಕ್ರಿಸ್ತಪೂರ್ವವೋ ಕ್ರಿಸ್ತಶಕವೋ ಎಂಬ ಚಿಂತೆ ಹತ್ತಿ, ಪೆನ್ನು ಅಲ್ಲೇ ನಿಂತುಬಿಡುತ್ತಿತ್ತು. ಚಿಂತೆಯಲ್ಲಿ ಮಾತ್ರ ನಾನು ಯಾವತ್ತೂ ಪ್ರಥಮ ದರ್ಜೆ. ಬಸ್ಸು ತಪ್ಪೀತೆಂದು ಬೇಗ ಹೋಗಿ, ಬೇಗ ಹೋದದ್ದಕ್ಕೆ ಬೇರೆ ಊರಿನ ಬಸ್ಸು ಹತ್ತಿದೆನೇನೋ ಎಂದು ದಾರಿಯುದ್ದಕ್ಕೂ ಚಿಂತಿಸುವ ಜಾತಿ ನಮ್ಮದು.

ನನಗೆ ಸಾಲಿ ಮಾಸ್ತರಣಿಯಾಗುವ ಆಸೆ ಇತ್ತು. ಬಿ.ಎ. ಮುಗಿಯದೆ ಬಿ.ಎಡ್. ಇಲ್ಲ, ಬಿ.ಎಡ್. ಇಲ್ಲದೆ ಸಾಲಿ ಇಲ್ಲ. ಮಾವನವರದು ಬೆಲ್ಲದ ಅಡತಿ ಅಂಗಡಿ. ಕೆಟ್ಟವರಲ್ಲ, ಆದರೆ ಮಾತು ತೂಕದ್ದು. ಎರಡನೆಯ ಸಲ ಫಲಿತಾಂಶ ಬಂದ ದಿನ ಊಟಕ್ಕೆ ಕೂತು ಹೇಳಿದರು:

"ಇನ್ನೊಂದ ಸಲ ನೋಡೋಣು. ಆಗಲಿಲ್ಲಂದ್ರ ಪುಸ್ತಕ ಅಟ್ಟಕ್ಕ."

ಅಟ್ಟಕ್ಕೆ ಹೋದದ್ದು ನಮ್ಮ ಮನೆಯಲ್ಲಿ ಇಳಿದು ಬಂದ ಉದಾಹರಣೆ ಇರಲಿಲ್ಲ. ಅತ್ತೆಯವರ ಹಾರ್ಮೋನಿಯಂ ಅಲ್ಲೇ ಇತ್ತು.

ಮರುದಿನ ಮಧ್ಯಾಹ್ನ ಪಡಸಾಲೆಯಲ್ಲಿ ಶೇಂಗಾ ಒಡೆಯುತ್ತ ಕೂತಿದ್ದಾಗ ಅತ್ತೆಯವರು, ಆ ಪುಸ್ತಕದಲ್ಲಿ ಅಂಥದ್ದೇನಿದೆ ಎಂದು ಕೇಳಿದರು. ನಾನು ಸುಮ್ಮನೆ ಗ್ರೀಕರಿಂದ ಶುರು ಮಾಡಿದೆ. ಅಲೆಕ್ಸಾಂಡರ್ ಎಂಬ ಹುಡುಗ ದೊರೆ, ಊರು ಬಿಟ್ಟು ನಮ್ಮ ಪಂಜಾಬದ ತನಕ ಬಂದು, ತಿರುಗಿ ಹೋಗುವಾಗ ಮೂವತ್ತೆರಡು ದಾಟುವುದರೊಳಗೆ ಸತ್ತ ಎಂದೆ. ಸೆರಗು ಕಿವಿಯ ಹಿಂದೆ ಹೋಯಿತು.

"ಅವಾಗ ಅವರ ಅವ್ವ ಇದ್ಲೇನು?"

"ಪುಸ್ತಕದಾಗ ಇಲ್ರಿ, ಅತ್ಯಾರ."

"ಅವ್ವನ್ನ ಬಿಟ್ಟ ಬರದಾರಂದ್ರ ಏನ ಬರದಾರ? ಕೇಳ್ಕೊಂಡ ಬಾ."

ಯಾರನ್ನು ಕೇಳಲಿ? ಎರಡು ದಿನ ಅದೇ ಚಿಂತೆಯಾಗಿ, ಕೊನೆಗೆ ಊರಿನ ಗ್ರಂಥಾಲಯದ ದಪ್ಪ ಪುಸ್ತಕದಲ್ಲಿ ಹುಡುಕಿದೆ. ತಾಯಿ ಬದುಕಿದ್ದಳು. ಹುಡುಕುವ ಭರದಲ್ಲಿ ಅಲೆಕ್ಸಾಂಡರನ ಅಪ್ಪ, ಅವನ ಸೇನಾಪತಿಗಳು, ಅವರ ಜಗಳ ಎಲ್ಲ ತಲೆಯಲ್ಲಿ ಕೂತುಬಿಟ್ಟವು. ಅಂದಿನಿಂದ ದಿನಾ ಮಧ್ಯಾಹ್ನ ಕಚೇರಿ. ಶೇಂಗಾ ಮುಗಿದರೆ ತೊಗರಿ ಆರಿಸುವುದು, ತೊಗರಿ ಮುಗಿದರೆ ಶ್ಯಾವಿಗೆ. ಒಂದು ಬುಟ್ಟಿಗೆ ಈಜಿಪ್ಟು ಮುಗಿಯುತ್ತಿತ್ತು. ರೋಮಿಗೆ ಒಂದು ಚೀಲವೂ ಸಾಲಲಿಲ್ಲ.

ಅತ್ತೆಯವರು ಮುರಗೋಡದ ಸಾಲಿಯಲ್ಲಿ ನಾಲ್ಕನೆಯ ಇಯತ್ತೆವರೆಗೆ ಓದಿದವರು. ಒಳ್ಳೆಯ ಕೇಳುಗರೆಂದು ಹೇಳುವಂತಿಲ್ಲ. ಊಳಿಗಮಾನ್ಯ ಪದ್ಧತಿ ಎಂದ ಕೂಡಲೇ ನಿದ್ದೆ ಹೋಗುತ್ತಿದ್ದರು. ಎಬ್ಬಿಸಿದರೆ, ವಾಡೇದ ದೇಸಾಯರ ಕತೆ ತಮಗೆ ಗೊತ್ತಿದ್ದದ್ದೇ, ಮುಂದೆ ಹೇಳು ಎನ್ನುತ್ತಿದ್ದರು. ಇಷ್ಟವಾಗದ ರಾಜರನ್ನು ಮಧ್ಯದಲ್ಲೇ ಕೈಬಿಡಿಸುತ್ತಿದ್ದರು. ನೀರೋ ಎಂಬವನು ತಾಯಿಯನ್ನೇ ಕೊಲ್ಲಿಸಿದ ಎಂದಾಗ, ಆ ಹೆಸರನ್ನು ಈ ಮನೆಯಲ್ಲಿ ಇನ್ನೊಮ್ಮೆ ಎತ್ತಬೇಡ ಎಂದರು. ಎತ್ತಲಿಲ್ಲ.

ಶಾರ್ಲಮೇನ್ ಎಂಬ ದೊರೆ ಬಂದ ದಿನ ಮಾತ್ರ ಅವರ ಮುಖ ಅರಳಿತು. ನಮ್ಮ ಕಡೆ ಹೊಸಮನಿ, ದೊಡಮನಿ ಎಂಬ ಅಡ್ಡಹೆಸರು ಓಣಿಗೊಂದು. ಅವರು ಕೇಳಿಸಿಕೊಂಡದ್ದು ಶಾರ್ಲಮನಿ.

"ಶಾರ್ಲಮನಿಯವರು ಯಾ ಕಡೆಯವರು?"

ಫ್ರಾನ್ಸು ಎಂದೆ. ತಿದ್ದಲು ಹೋಗಲಿಲ್ಲ, ಕಿವಿ ಅಷ್ಟು ಚೆನ್ನಾಗಿ ಹೊರಗೆ ಬಂದಿತ್ತು. ಅವನ ಮೂವರು ಮೊಮ್ಮಕ್ಕಳು ಜಗಳಾಡಿ ರಾಜ್ಯವನ್ನು ಮೂರು ಪಾಲು ಮಾಡಿಕೊಂಡರೆಂದು ಹೇಳಿದೆ. ಪಾಲಿಗೆ ನಮ್ಮಲ್ಲಿ ವಾಟ್ನಿ ಎನ್ನುತ್ತಾರೆ, ಮತ್ತು ವಾಟ್ನಿಯ ವಿಷಯದಲ್ಲಿ ಅತ್ತೆಯವರಿಗೆ ಹೇಳಿಕೊಡುವಂಥದ್ದು ಏನೂ ಇರಲಿಲ್ಲ. ನಡುವಿನ ಪಾಲು ಉದ್ದಕ್ಕೆ ಪಟ್ಟಿಯಂತಿತ್ತು ಎಂದಾಗ, ಅಂಥ ಹೊಲ ಉಳಿಯುವುದಿಲ್ಲ, ಎರಡೂ ಕಡೆಯವರು ಒತ್ತುತ್ತಾರೆ ಎಂದರು. ಪುಸ್ತಕದಲ್ಲಿಯೂ ಹಾಗೇ ಇತ್ತು. ಹೆಣ್ಣುಮಕ್ಕಳಿಗೆ ಏನು ಕೊಟ್ಟರು ಎಂದು ಕೇಳಿದರು. ಅದು ಪುಸ್ತಕದಲ್ಲಿರಲಿಲ್ಲ.

ಸೋಮವಾರದ ಕಟ್ಟಳೆ ಹುಟ್ಟಿದ್ದು ಅಥೆನ್ಸು ಮತ್ತು ಸ್ಪಾರ್ಟಾಗಳ ಜಗಳದ ದಿನ. ನಾನು ಉತ್ಸಾಹದಿಂದ ಹಡಗು ಮುಳುಗಿಸುತ್ತಿದ್ದೆ. ಸೆರಗು ಮುಂದೆ ಬಂತು.

"ಇವತ್ತ ಯಾ ವಾರ?"

"ಸೋಮವಾರ್ರಿ."

"ಸೋಮವಾರ ಎತ್ತಿನ ಹೆಗಲ ಮ್ಯಾಲೆ ನೊಗಾ ಸೈತ ಇಡಂಗಿಲ್ಲ. ನೀ ಮಂದಿ ಹೆಗಲ ಮ್ಯಾಲಿನ ತಲೀ ತಗ್ಯಾಕ ಹತ್ತೀದಿ. ನಾಳೆ ಕೊಲ್ಲು."

ನನಗೆ ಹೊಸ ಚಿಂತೆ. ಸೋಮವಾರಗಳೆಲ್ಲ ಹೀಗೆ ಹೋದರೆ ಪಠ್ಯ ಮುಗಿಯುವುದು ಯಾವಾಗ? ಕೊನೆಗೆ ನಾನೇ ಒಂದು ದಾರಿ ಮಾಡಿಕೊಂಡೆ. ಪುಸ್ತಕದಲ್ಲಿ ಯಾರೂ ಸಾಯದ ಪುಟಗಳನ್ನು ಹುಡುಕಿ ಸೋಮವಾರಕ್ಕೆ ತೆಗೆದಿಡತೊಡಗಿದೆ. ಸುಮೇರಿಯದವರು ಹಸಿ ಮಣ್ಣಿನ ಹಲಗೆಯ ಮೇಲೆ ಬರೆದದ್ದು, ಚೀನದವರು ಚಿಂದಿಯಿಂದ ಕಾಗದ ಮಾಡಿದ್ದು, ಅರಬರ ವೈದ್ಯರು, ಅವರ ದವಾಖಾನೆಗಳು, ಯುರೋಪಿನ ಮಠಗಳು. ಮಠದ ಸನ್ಯಾಸಿಗಳು ತಮ್ಮ ಹೊಲ ತಾವೇ ದುಡಿಯುತ್ತಿದ್ದರು, ದುಡಿಮೆಯೂ ಪ್ರಾರ್ಥನೆಯೂ ಅವರಿಗೆ ಸಮ ಎಂದಾಗ, "ಹಂಗಾದ್ರ ಅವರೂ ನಮ್ಮವರ ಬಿಡು" ಎಂದು ಅತ್ತೆಯವರು ಅವರನ್ನು ಒಳಗೆ ತೆಗೆದುಕೊಂಡರು. ಬಂದವರಿಗೆ ಅಲ್ಲಿ ಊಟಕ್ಕೆ ಹಾಕುತ್ತಿದ್ದರೇ ಎಂದು ಕೇಳಿದರು. ಹೌದೆಂದೆ. ಈ ಪುಟಗಳನ್ನು ನಾನು ಅದಕ್ಕಿಂತ ಮೊದಲು ಸರಿಯಾಗಿ ಓದಿಯೇ ಇರಲಿಲ್ಲ. ಪರೀಕ್ಷೆ ಎಂದರೆ ಯುದ್ಧಗಳು ಎಂದೇ ನನ್ನ ಲೆಕ್ಕ.

ಕಾನ್‌ಸ್ಟಾಂಟಿನೋಪಲ್ ಪತನ ಬಂದಾಗ ಪರೀಕ್ಷೆ ಹತ್ತಿರವಿತ್ತು. ತುರ್ಕರು ದೊಡ್ಡ ತೋಪು ಎಳೆತಂದು ಕೋಟೆಯ ಮುಂದೆ ನಿಲ್ಲಿಸಿದ್ದರು. ಅಷ್ಟರಲ್ಲಿ ಸೋಮವಾರ ಅಡ್ಡ ಬಂತು. ಮರುದಿನ ಅಮಾವಾಸ್ಯೆ. ಅದರ ಮರುದಿನ ರಾಮದುರ್ಗದಿಂದ ಬೀಗರು ಬಂದರು. ಬೀಗರ ಮುಂದೆ ಊರು ಬೀಳಿಸುವುದು ಸರಿಯಲ್ಲ. ಇದು ಅವಶ್ಯ ಬರುವ ಪ್ರಶ್ನೆ ಎಂದು ನಾನು ಗೋಗರೆದೆ. ಅತ್ತೆಯವರು ತೊಗರಿ ಆರಿಸುವುದನ್ನು ನಿಲ್ಲಿಸಿದರು.

"ನಾ ಸಣ್ಣಾಕಿ ಇದ್ದಾಗ ನಮ್ಮಪ್ಪ ಕಿತ್ತೂರಿಗೆ ಕರ್ಕೊಂಡ ಹೋಗಿದ್ದ. ಬಿದ್ದ ಕೋಟಿ ಗ್ವಾಡಿ ಮುಟ್ಟಿ ಬಂದೀನಿ. ಬೀಳೂದ ಐತಿ ಅಂದ್ರ ಬೀಳತೈತಿ. ನಿನಗ್ಯಾಕ ಅವಸರ?"

ಆ ಊರನ್ನು ಹಾಗೇ ನಿಲ್ಲಿಸಿಬಿಟ್ಟೆವು.

ಪರೀಕ್ಷೆ ಸವದತ್ತಿಯಲ್ಲಿ. ವೇಳಾಪಟ್ಟಿ ನೋಡಿದೆ: ಸೋಮವಾರ. ನನ್ನ ಗಂಡ ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ. ಎಷ್ಟೊಂದು ಸೋಮವಾರ ಕತ್ತಿ ಕೆಳಗಿಟ್ಟು ರೂಢಿಯಾದ ತಲೆ, ಅವತ್ತು ಯುದ್ಧ ಬರೆ ಎಂದರೆ ಬರೆದೀತೇ? ಬೆಳಿಗ್ಗೆ ಅಂಗೈಗೆ ಮೊಸರು ಸಕ್ಕರೆ ಹಾಕಿಸಿಕೊಳ್ಳುವಾಗ, ಅರ್ಧ ಚೇಷ್ಟೆ ಅರ್ಧ ಅಳುವಿನಲ್ಲಿ ಅತ್ತೆಯವರನ್ನೇ ಕೇಳಿದೆ. ಅವರು ಚೇಷ್ಟೆ ಎಂದು ತಿಳಿಯಲಿಲ್ಲ. ಸೆರಗು ಸರಿಸಿ, ಪೂರ್ತಿ ಕೇಳಿ, ಯೋಚಿಸಿದರು.

"ನೀ ಹೊಸಾ ಜಗಳಾ ಹಚ್ಚಾಕ ಹೊಂಟಿಲ್ಲ. ಆಗಿ ಹೋಗಿದ್ದನ್ನ ಬರ್ಯಾಕ ಹೊಂಟೀದಿ. ಅದಕ್ಕ ದೋಷಿಲ್ಲ. ಆದ್ರ ಯವ್ವಾ, ಮೊದಲ ಒಳ್ಳೇದ ಬರಿ. ಬಡದಾಡಾವ್ರು ಹೊರಗ ಕುಂತಿರ್ಲಿ."

ಪ್ರಶ್ನೆಪತ್ರಿಕೆ ಕೈಗೆ ಬಂತು. ಮೊದಲ ಪ್ರಶ್ನೆ ಯುದ್ಧದ್ದೇ. ಎಂದಿನಂತೆ ಇಸವಿಗಳು ಗಿರಗಿಟ್ಟಲೆ ತಿರುಗತೊಡಗಿದವು. ಬಡಿದಾಡುವವರು ಹೊರಗೆ ಕೂತಿರಲಿ ಎಂದುಕೊಂಡು ಹಾಳೆ ತಿರುವಿದೆ. ಕೆಳಗೆ ಮಠಗಳಿದ್ದವು. ಅದರ ಕೆಳಗೆ ಅರಬರ ವೈದ್ಯರು. ಬರೆಯತೊಡಗಿದೆ. ಬರೆಯುತ್ತ ಬರೆಯುತ್ತ ಕೈ ಬೆಚ್ಚಗಾಯಿತು, ಪುರವಣಿ ಕೇಳಿ ಪಡೆದೆ, ಪಕ್ಕದವಳು ನನ್ನತ್ತ ಅನುಮಾನದಿಂದ ನೋಡಿದಳು. ಅಷ್ಟಾದ ಮೇಲೆ ಯುದ್ಧ ಮಾಡುವವರನ್ನು ಒಬ್ಬೊಬ್ಬರಾಗಿ ಒಳಗೆ ಕರೆದೆ. ಅವರೂ ಸರಿಯಾದ ಇಸವಿ ಹಿಡಿದುಕೊಂಡೇ ಬಂದರು. ಕಾನ್‌ಸ್ಟಾಂಟಿನೋಪಲ್ ಪತನವೂ ಇತ್ತು. ಬೇರೆ ಪ್ರಶ್ನೆ ಆರಿಸಿಕೊಳ್ಳುವ ಅವಕಾಶವಿತ್ತು. ಬಿಟ್ಟೆ.

ಬಸ್ಸಿನಲ್ಲಿ ಸವದತ್ತಿಯ ಗುಡ್ಡ ಹಿಂದೆ ಸರಿಯುತ್ತಿರುವಾಗ ನೆನಪಾಯಿತು. ಉತ್ತರ ಪತ್ರಿಕೆಯಲ್ಲಿ ನಾನು ಶಾರ್ಲಮೇನ್ ಎಂದು ಬರೆದಿರಲಿಲ್ಲ. 'ಶಾರ್ಲಮನಿ ಮನೆತನದ ವಾಟ್ನಿ' ಎಂದು ತಲೆಬರಹ ಕೊಟ್ಟು, ಕೆಳಗೆ ಗೆರೆಯನ್ನೂ ಎಳೆದಿದ್ದೆ. ಮನೆ ಮುಟ್ಟುವ ಹೊತ್ತಿಗೆ, ನನ್ನ ಚಿಂತೆಯಲ್ಲಿ, ಪುಸ್ತಕ ಆಗಲೇ ಅಟ್ಟದ ಮೇಲೆ ಹಾರ್ಮೋನಿಯಂ ಪಕ್ಕ ಕೂತಾಗಿತ್ತು. ಅತ್ತೆಯವರಿಗೆ ಹೇಳಿದೆ. ಅವರಿಗೆ ತಪ್ಪೇ ಕಾಣಲಿಲ್ಲ.

"ಪೇಪರ ತಿದ್ದಾವ್ರೂ ಯಾವದರ ಒಂದ ಮನಿಯವರ ಇರ್ತಾರ. ತಿಳಕೋತಾರ."

ತಿಳಿದುಕೊಂಡರೆಂದೇ ಕಾಣುತ್ತದೆ. ಪಾಸಾದೆ. ಮಾವನವರು ಅಂಗಡಿಯಿಂದ ಒಂದು ಬೆಲ್ಲದ ಪೆಂಟೆ ಹೊರಿಸಿಕೊಂಡು ಬಂದು, ಪುಸ್ತಕ ಕೆಳಗೇ ಇರಲಿ ಎಂದರು. ಆ ದೀಪಾವಳಿಗೆ ಅತ್ತೆಯವರು ಯಾರನ್ನೂ ಕೇಳದೆ ಹಾರ್ಮೋನಿಯಂ ಕೂಡ ಇಳಿಸಿದರು. ಅರ್ಧ ಸ್ವರ ಇಲಿ ತಿಂದಿತ್ತು. ಉಳಿದರ್ಧ ನುಡಿಸಿದರು.

ನಾನು ಬಿ.ಎಡ್. ಮುಗಿಸಿದೆ. ಸಾಲಹಳ್ಳಿ ಕಡೆಯ ಒಂದು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸತೊಡಗಿದೆ. ಶನಿವಾರ ಮನೆಗೆ ಬಂದರೆ, ಉಂಡೆಯೋ ಇಲ್ಲವೋ ಎಂಬುದಕ್ಕಿಂತ ಮೊದಲು ಅತ್ತೆಯವರ ಪ್ರಶ್ನೆ ಒಂದೇ: "ಆ ಉದ್ದ ಹೆಸರಿನ ಊರು ಇನ್ನೂ ನಿಂತೈತೇನು?" ಅದೇ ವಾರ ಮಕ್ಕಳ ಮುಂದೆ ಅದನ್ನು ಬೀಳಿಸಿ ಬಂದಿದ್ದರೂ ನಾನು "ನಿಂತೈತ್ರಿ" ಎನ್ನುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಅವರು ಹಾಸಿಗೆ ಹಿಡಿದರು. ಒಂದು ಬೆಳಿಗ್ಗೆ ಡಾಕ್ಟರು ಬಂದು ಕೈ ಹಿಡಿದು ನೋಡಿ, ಇವತ್ತೇ ಆಗಬಹುದು, ಹೇಳಿ ಕಳಿಸುವವರಿಗೆಲ್ಲ ಹೇಳಿ ಕಳಿಸಿರಿ ಎಂದರು. ಮನೆಯವರೆಲ್ಲ ಗಾಬರಿಯಾದರು. ಜೀವಮಾನದಲ್ಲಿ ಅದೊಂದು ದಿನ ನನಗೆ ಚಿಂತೆ ಹತ್ತಲಿಲ್ಲ. ಗಂಡನಿಗೆ, "ಇವತ್ತ ಸೋಮವಾರರಿ" ಎಂದೆ.

ಅತ್ತೆಯವರ ಪಕ್ಕ ಕೂತು ಸೆರಗನ್ನು ನಾನೇ ಎಡಗಿವಿಯ ಹಿಂದೆ ಸರಿಸಿದೆ. ಹಸಿ ಮಣ್ಣಿನ ಹಲಗೆಯಿಂದ ಶುರು ಮಾಡಿ, ಕಾಗದ ಮಾಡಿ, ದವಾಖಾನೆ ಕಟ್ಟಿ, ಮಠದಲ್ಲಿ ಬಂದವರಿಗೆಲ್ಲ ಊಟಕ್ಕೆ ಹಾಕಿದೆ. ಕೇಳಿಸಿತೋ ಇಲ್ಲವೋ ಗೊತ್ತಿಲ್ಲ. ಸಂಜೆಯ ಹೊತ್ತಿಗೆ, ಅವರು ಆ ಪ್ರಶ್ನೆ ಕೇಳದಿದ್ದರೂ, ಆ ಊರು ಇನ್ನೂ ನಿಂತಿದೆ ಎಂದು ಹೇಳಿದೆ. ಅವರ ಬೆರಳು ಸೆರಗಿನ ಅಂಚನ್ನು ಹಿಡಿದುಕೊಂಡಿತ್ತು, ಮುಂದಕ್ಕೆ ಎಳೆಯಲಿಲ್ಲ.

ಮಂಗಳವಾರ ಬಿಸಿಲು ಪಡಸಾಲೆಗೆ ಬರುವ ಹೊತ್ತಿಗೆ ಹೋದರು.

ಅದಾಗಿ ಕೆಲವು ವರ್ಷಗಳ ಮೇಲೆ, ಶಾಲೆಗೆ ಹೊಸದಾಗಿ ಬಂದ ಒಂದು ಇತಿಹಾಸದ ಪುಸ್ತಕ ತಿರುವುತ್ತಿದ್ದೆ. ಆ ಉದ್ದ ಹೆಸರಿನ ಊರು ಬಿದ್ದ ಇಸವಿ, ತಿಂಗಳು, ತಾರೀಖು ನನಗೆ ಬಾಯಿಪಾಠವಿತ್ತು. ಈ ಪುಸ್ತಕದವರು ವಾರವನ್ನೂ ಬರೆದಿದ್ದರು. ತುರ್ಕರು ಕೊನೆಗೆ ಕೋಟೆಯ ಒಳಗೆ ಹೊಕ್ಕದ್ದು ಮಂಗಳವಾರ. ಸೋಮವಾರವಿಡೀ ಆ ಊರು ನಿಂತೇ ಇತ್ತು.

ಪುಸ್ತಕ ಮುಚ್ಚದೆ ಎದ್ದೆ. ಬೈಲಹೊಂಗಲದ ಬಸ್ಸಿಗೆ ಎಷ್ಟು ಹೊತ್ತಿದೆ ಎಂದು ಗಡಿಯಾರವನ್ನೂ ನೋಡಿದೆ. ಹೇಳಬೇಕಾದ ಕಿವಿ ಅಲ್ಲಿಲ್ಲವೆಂದು ನೆನಪಾದದ್ದು ಆಮೇಲೆ.