ಅತ್ತೆಯ ಪದಕ್ಕೆ ತಂದ ರೆಕಾರ್ಡರು

ಕರೆಂಟಿನ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬೇಕಾಗಿಲ್ಲ. ನಂಜನಗೂಡಿನ ಪಕ್ಕದ ತಾಂಡ್ಯದ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷದಿಂದ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ನೋಡಿಕೊಳ್ಳುತ್ತಿರುವ ಹೆಂಗಸು ನಾನು. ಮೊದಲ ದಿನ ಏಣಿ ಹತ್ತಿದಾಗ ಕಿಸಕ್ಕನೆ ನಕ್ಕವರೇ ಈಗ ಮೋಟಾರು ಸುಟ್ಟ ವಾಸನೆ ಬಂದರೆ ನನಗೆ ಫೋನು ಮಾಡುತ್ತಾರೆ. ಜಂಬ ಅನ್ನುತ್ತೀರಾ? ಅನ್ನಿ. ಸಂಪಾದಿಸಿದ ಜಂಬ.

ಹೆಮ್ಮಿಗೆಯಲ್ಲಿರುವ ನನ್ನ ಸೋದರತ್ತೆ ಸುತ್ತಮುತ್ತಲ ಮದುವೆಗಳಲ್ಲಿ ಸೋಬಾನೆ ಪದ ಹೇಳುತ್ತಿದ್ದವಳು. ಮಗಳನ್ನು ಗಂಡಿನ ಕಡೆಯವರ ಕೈಗೆ ಕೊಡುವಾಗ ಹೇಳುವ ಹೆಣ್ಣೊಪ್ಪಿಸುವ ಪದವಂತೂ ಅವಳ ಬಾಯಲ್ಲೇ ಕೇಳಬೇಕು. ಅವಳು ಒಂದು ಸೊಲ್ಲು ಹೇಳಿದರೆ ಅವಳ ಓರಗಿತ್ತಿ ಅದನ್ನೇ ತಿರುಗಿಸಿ ಹೇಳುತ್ತಿದ್ದಳು. ಪದ ಮುಗಿಯುವಷ್ಟರಲ್ಲಿ ಎಂಥ ಗಟ್ಟಿಗಿತ್ತಿಯೂ ಸೆರಗನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಬೇರೆ ಹುಡುಗಿಯರು ಅತ್ತೆಯ ಹಿಂದೆ ಕೂತು ಕಲಿಯುತ್ತಿದ್ದಾಗ ನಾನು ಮೈಕ್ ಸೆಟ್ಟಿನವನ ಪಕ್ಕ ನಿಂತು ವೈರು ನೋಡುತ್ತಿದ್ದೆ. ಒಂದು ಪದವೂ ಕಲಿಯಲಿಲ್ಲ.

ಹೋದ ವರ್ಷ ಓರಗಿತ್ತಿ ತೀರಿಕೊಂಡಳು. ಈ ವರ್ಷ ಅತ್ತೆಯ ಗಂಟಲಲ್ಲಿ ಗಂಟು ಕಾಣಿಸಿತು. ಮೈಸೂರಿನ ಡಾಕ್ಟರು ಆಪರೇಷನ್ನಿಗೆ ದಿನ ಗೊತ್ತು ಮಾಡಿ, "ಮಾತಿಗೆ ತೊಂದರೆ ಇಲ್ಲ, ಹಾಡೋದು ಮಾತ್ರ ಗ್ಯಾರಂಟಿ ಕೊಡಲ್ಲ" ಅಂದರು. ನನ್ನ ಮಗಳ ಮದುವೆ ಆಗಲೇ ಗೊತ್ತಾಗಿತ್ತು. ಆ ದನಿ ಇರುವಾಗಲೇ ಪದವನ್ನು ಹಿಡಿದಿಡಬೇಕು ಎಂದು ಹಟಕ್ಕೆ ಬಿದ್ದೆ. ಕೈಯಲ್ಲಿದ್ದದ್ದು ಹದಿನೈದು ದಿನ.

ಫೋನಲ್ಲೇ ಮಾಡು ಎಂದರು ಮನೆಯವರು. ಹಳೆಯ ಮದುವೆಗಳಲ್ಲಿ ಫೋನಿನಿಂದ ಹಿಡಿದದ್ದನ್ನು ಕೇಳಿದ್ದೆ. ಓಲಗ ಇತ್ತು, ಯಾರೋ ಪಲ್ಯ ಕೇಳಿದ್ದಿತ್ತು, ಅತ್ತೆಯ ದನಿ ಮಾತ್ರ ಇರಲಿಲ್ಲ. ನಂಜನಗೂಡಿನ ಮೊಬೈಲ್ ಅಂಗಡಿಗೆ ಹೋಗಿ ಧ್ವನಿ ಹಿಡಿಯುವ ಮೆಷಿನ್ನು ಕೇಳಿದರೆ, ಅಂಗಡಿಯಾತ ಬಣ್ಣಬಣ್ಣದ ಲೈಟು ಮಿಣುಕುವ ಸ್ಪೀಕರು ತೆಗೆದಿಟ್ಟ.

"ಪೆನ್‌ಡ್ರೈವ್ ಹಾಕಿ ಮೇಡಂ, ಊರಿಗೇ ಕೇಳ್ತದೆ."

"ಊರಿಗೆ ಕೇಳ್ಸಕ್ಕಲ್ಲ ಕಣಪ್ಪ, ನಾನು ಕೇಳಕ್ಕೆ" ಎಂದು ಎದ್ದು ಬಂದೆ. ಕೊನೆಗೆ ಆನ್‌ಲೈನಿನಲ್ಲಿ ತರಿಸಿದೆ. ಅಂಗೈಯಗಲದ ಡಿಜಿಟಲ್ ರೆಕಾರ್ಡರು, ತಲೆಯ ಮೇಲೆ ಜಾಲರಿ ಮುಚ್ಚಿದ ಎರಡು ಮೈಕು.

ಅದರ ಪುಸ್ತಕದಲ್ಲಿ ಎಷ್ಟೋ ಭಾಷೆಗಳಿದ್ದವು, ಕನ್ನಡ ಮಾತ್ರ ಇರಲಿಲ್ಲ. ಪರವಾಗಿಲ್ಲ, ಕೈ ಇದೆಯಲ್ಲ. ಕೊಟ್ಟಿಗೆಯಲ್ಲಿಟ್ಟು ಹಸು ಮೆಲುಕು ಹಾಕುವುದನ್ನು ಹಿಡಿದೆ. ಇಯರ್‌ಫೋನಿನಲ್ಲಿ ಕೇಳಿದರೆ ಹಸು ಕಿವಿಯೊಳಗೇ ಮೇಯುತ್ತಿತ್ತು! ದನಿ ಏರಿದಾಗ ಪರದೆಯ ಪಟ್ಟಿ ಕೊನೆಯ ಗೆರೆ ಮುಟ್ಟಿದರೆ ಸದ್ದು ಒಡೆಯುತ್ತದೆ, ತೀರ ಕೆಳಗಿದ್ದರೆ ಸುಯ್ ಎನ್ನುತ್ತದೆ. ನಡುವಿನ ಹದ ಎರಡೇ ದಿನದಲ್ಲಿ ಸಿಕ್ಕಿತು. ಸಿಗದ್ದು ಕರೆಂಟು. ಜೊತೆಗೆ ಬಂದ ಎರಡು ಸೆಲ್ಲು ಪರೀಕ್ಷೆಯಲ್ಲೇ ಮುಗಿದವು. ಪೆಟ್ಟಿಗೆ ಅಂಗಡಿಯ ಸೆಲ್ಲು ಗಡಿಯಾರಕ್ಕೆ ಸರಿ, ಇದಕ್ಕೆ ಸಾಲದು. ಗೋಡೆಯ ಪ್ಲಗ್ಗಿಗೆ ಹಾಕಿದರೆ ಗುಂಯ್ ಎಂಬ ಸದ್ದು. ಕಾರ್ಖಾನೆಯಲ್ಲಿ ಆಯುಧಪೂಜೆಗೆ ಕೊಟ್ಟಿದ್ದ ಇಟ್ಟಿಗೆಯಂಥ ಪವರ್ ಬ್ಯಾಂಕು ನೆನಪಾಯಿತು. ಸೆಲ್ಲು ತೆಗೆದೆಸೆದು ಅದನ್ನೇ ಜೋಡಿಸಿದೆ. ಇಡೀ ದಿನ ಓಡುತ್ತದೆ ಎಂದುಕೊಂಡೆ.

ಆಪರೇಷನ್ನಿಗೆ ಎರಡು ದಿನ ಮೊದಲು, ಭಾನುವಾರ, ತಿ. ನರಸೀಪುರದಲ್ಲಿ ಬಸ್ಸು ಬದಲಿಸಿ ಹೆಮ್ಮಿಗೆಗೆ ಹೋದೆ. ಅತ್ತೆ ರೆಕಾರ್ಡರನ್ನು ಮಣೆಯ ಮೇಲೆ ಇಡಿಸಿದಳು. ನಾನು ವೈರು ಬಿಡಿಸುತ್ತಿದ್ದೆ. ತಿರುಗಿ ನೋಡಿದರೆ ಒದ್ದೆ ಅರಿಸಿನ, ಕುಂಕುಮ ಹಿಡಿದ ಬೆರಳು ನೇರ ಮೈಕಿನ ಜಾಲರಿಯ ಹತ್ತಿರ!

"ಅಯ್ಯೋ ಅತ್ತೇ, ಬ್ಯಾಡ!"

"ಒಸ ಸಾಮಾನು ಕಣವ್ವ. ಬರಿ ಅಣೇಲಿ ಇರ್ಬಾರ್ದು."

"ಅದು ಅಣೆ ಅಲ್ಲ, ಕಿವಿ!"

"ಅಂಗಾದ್ರೆ ಬೆನ್ನಿಗೆ ಇಡ್ತೀನಿ" ಎಂದು ಬೆನ್ನಿಗಿಟ್ಟಳು.

ಫ್ಯಾನು, ಫ್ರಿಜ್ಜು ಆರಿಸಿದೆ. ಕೋಳಿಗಳನ್ನು ಮಂಕರಿಯಡಿ ಮುಚ್ಚಿದೆ. ಮನೆಮಂದಿಯನ್ನೆಲ್ಲ ಜಗುಲಿಗೆ ಅಟ್ಟಿದೆ. ಬೇರೆ ಯಾರ ದನಿಯೂ ಸೇರಕೂಡದು. ಅತ್ತೆ ಮೊದಲ ಸೊಲ್ಲು ಹೇಳಿದಳು. ಮೈ ಜುಮ್ಮೆಂದಿತು. ಆಮೇಲೆ ನಿಲ್ಲಿಸಿ ಪಕ್ಕಕ್ಕೆ ನೋಡಿದಳು. ಪಕ್ಕದಲ್ಲಿ ಯಾರೂ ಇರಲಿಲ್ಲ.

"ಸೊಲ್ಲು ಇಡಿಯೋರು ಬೇಕು ಕಣವ್ವ. ಅವ್ಳು ತಿರುಗಿಸಿ ಯೋಳೋದ್ರೊಳ್ಗೆ ನಂಗೆ ಮುಂದ್ಲುದು ಬರೋದು."

"ನೀನು ಯೋಳ್ತಾ ಓಗು ಅತ್ತೆ. ಸುಮ್ನಿದ್ದಿದ್ದನ್ನ ಕಂಪ್ಯೂಟರಲ್ಲಿ ಕತ್ತರಿಸ್ತೀನಿ" ಎಂದೆ. ಎಷ್ಟು ಸುಲಭವಾಗಿ ಹೇಳಿಬಿಟ್ಟೆ!

ನಾಲ್ಕನೆಯ ಸೊಲ್ಲಿಗೆ ತಪ್ಪಿದಳು. ಮತ್ತೆ ಮೊದಲಿಂದ. ಈ ಸಲ ಅರ್ಧದ ತನಕ ಬಂದಳು. ಪರದೆ ನೋಡಿದರೆ ಕತ್ತಲು. ಮೆಷಿನ್ನು ಆರಿಹೋಗಿತ್ತು, ಹಿಡಿದದ್ದೂ ಉಳಿದಿರಲಿಲ್ಲ. ಪವರ್ ಬ್ಯಾಂಕಿನ ಗುಂಡಿ ಒತ್ತಿ ಮತ್ತೆ ಶುರು ಮಾಡಿಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಆರಿತು. "ದರಿದ್ರದ್ದು, ಕೆಟ್ಟೋಗಿದೆ" ಎಂದು ಬೈದು, ಕೇಬಲ್ಲು ಬದಲಿಸಿದೆ, ತಟ್ಟಿದೆ, ಊದಿದೆ. ಅತ್ತೆ ನೀರು ಕುಡಿದು ಕೆಮ್ಮಿದಳು. ದನಿ ಬಿರಿಯತೊಡಗಿತ್ತು.

"ಇನ್ನೊಂದೇ ಸಲ ಕಣ್ ಮಗ. ಆಮೇಲೆ ನನ್ ಕೈಲಾಗಲ್ಲ."

ನನಗೆ ಅಳು ಬಂತು. ಇಡೀ ಫ್ಯಾಕ್ಟರಿ ಓಡಿಸುವವಳು ಒಂದು ಪದಕ್ಕೆ ಕರೆಂಟು ಕೊಡಲಾರದೆ ಕೂತಿದ್ದೆ. ಆಗ ಅತ್ತೆ ತನ್ನ ಗುಂಡಿ ಫೋನು ನೀಡಿದಳು. "ನಾಳೆ ಆಸ್ಪತ್ರೆ ಇಂದ ಫೋನ್ ಬತ್ತದೆ, ಚಾರ್ಜಿಲ್ಲ. ಆ ಡಬ್ಬಕ್ಕೆ ಇದ್ನೂ ಚುಚ್ಚು."

ಎರಡನೆಯ ತೂತಿಗೆ ಚುಚ್ಚಿದೆ. ರೆಕಾರ್ಡರಿಗೆ ಜೀವ ಬಂತು, ಈ ಸಲ ಆರಲೇ ಇಲ್ಲ. ನಾನು ಹಣೆ ಚಚ್ಚಿಕೊಂಡೆ. ಆ ಡಬ್ಬ ಇರುವುದು ಫೋನಿಗೆ. ಫೋನು ಗಬಗಬ ತಿನ್ನುತ್ತದೆ, ರೆಕಾರ್ಡರು ಕೋಳಿಯಂತೆ ಒಂದೊಂದೇ ಕಾಳು ಹೆಕ್ಕುತ್ತದೆ. ಅಷ್ಟು ಕಡಿಮೆ ತಿಂದರೆ, ಉಣ್ಣುವವರೇ ಇಲ್ಲ ಎಂದುಕೊಂಡು ಪವರ್ ಬ್ಯಾಂಕು ತಾನಾಗಿ ಬಾಗಿಲು ಹಾಕಿಕೊಳ್ಳುತ್ತದೆ. ಲೋಡು ಕಡಿಮೆಯಾದರೆ ಏನಾಗುತ್ತದೆ ಎಂದು ನಾನೇ ಹೊಸಬರಿಗೆ ಪಾಠ ಹೇಳುವವಳು! ಅತ್ತೆಗೆ ವಿವರಿಸಿದೆ. ಅವಳು ಬಿದ್ದು ಬಿದ್ದು ನಕ್ಕಳು.

"ನೋಡ್ದಾ? ಅದ್ಕೂ ಒಂಟಿಯಾಗಿ ಆಗಲ್ಲ. ಬಾ, ಪಕ್ಕದಲ್ಲಿ ಕೂತ್ಕೊ. ಸೊಲ್ಲು ಇಡಿ."

"ನನ್ ದನಿ ಕತ್ತೆ ದನಿ ಅತ್ತೆ. ರೆಕಾರ್ಡಿಂಗು ಕೆಟ್ಟೋಯ್ತದೆ."

"ಕೆಟ್ರೆ ಕೆಡ್ಲಿ. ಪದ ಉಳೀತದೆ."

ಕೂತೆ. ಅವಳು ಹೇಳಿದಳು, ನಾನು ತಿರುಗಿಸಿದೆ. ಶ್ರುತಿಯಿಲ್ಲ, ತಾಳವಿಲ್ಲ. ಆದರೆ ನಾನು ಒಂದು ಸೊಲ್ಲು ಮುಗಿಸುವಷ್ಟರಲ್ಲಿ ಅವಳಿಗೆ ಮುಂದಿನದು ಬಂದಿರುತ್ತಿತ್ತು. ಎಲ್ಲೂ ತಪ್ಪಲಿಲ್ಲ. ಕೊನೆಯ ಸೊಲ್ಲಿನ ತನಕ ಬಂದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಅತ್ತೆ ಈಗ ಮಾತಾಡುತ್ತಾಳೆ, ಬೈಯುತ್ತಾಳೆ. ದನಿ ಮಾತ್ರ ಒರಟು, ಮೇಲಕ್ಕೆ ಏಳುವುದಿಲ್ಲ. ನಾನು ಒಂದು ದಿನ ಕಂಪ್ಯೂಟರಿನಲ್ಲಿ ನನ್ನ ಸೊಲ್ಲುಗಳನ್ನೆಲ್ಲ ಕತ್ತರಿಸಿ ಕೇಳಿದೆ. ಅತ್ತೆ ಉಸಿರು ತೆಗೆದುಕೊಳ್ಳಲು ಜಾಗವೇ ಇಲ್ಲದೆ ಓಡುತ್ತಿದ್ದಂತೆ ಇತ್ತು. ಎಲ್ಲವನ್ನೂ ವಾಪಸು ಸೇರಿಸಿ, ಕೆಲಸಕ್ಕೆ ಹೋಗುವ ಬಸ್ಸಿನಲ್ಲಿ ದಿನಾ ಕೇಳತೊಡಗಿದೆ.

ಮಗಳನ್ನು ಚಿಕ್ಕಯ್ಯನಛತ್ರ ಎಂಬ ಊರಿಗೆ ಕೊಟ್ಟೆವು. ಹೆಣ್ಣೊಪ್ಪಿಸುವ ಹೊತ್ತಿಗೆ ರೆಕಾರ್ಡರನ್ನು ಮೈಕ್ ಸೆಟ್ಟಿಗೆ ಜೋಡಿಸಲು ಎದ್ದೆ. ಹೊಸ ಸೆಲ್ಲು ಹಾಕಿ ಎರಡು ಸಲ ನೋಡಿದ್ದೆ, ಯಾವ ಲೋಪವೂ ಇರಲಿಲ್ಲ. ಅತ್ತೆ ನನ್ನ ಸೆರಗು ಹಿಡಿದೆಳೆದು ಪಕ್ಕದಲ್ಲಿ ಕೂರಿಸಿಕೊಂಡಳು.

"ಅದ್ನ ಚೀಲಕ್ಕಾಕು. ನೀನು ಯೋಳು."

ಮಗಳ ಕೈ ಹಿಡಿದುಕೊಂಡು ಮೊದಲ ಸೊಲ್ಲು ಹೇಳಿದೆ. ಬಸ್ಸಿನಲ್ಲಿ ಕೇಳಿ ಕೇಳಿ ಪದವೆಲ್ಲ ಬಾಯಿಗೆ ಬಂದಿತ್ತು. ಸೊಲ್ಲು ಮುಗಿಸಿ ಪಕ್ಕಕ್ಕೆ ನೋಡಿದೆ. ಅತ್ತೆ ಆ ಒರಟು ದನಿಯಲ್ಲಿ, ಮೇಲೇರದೆ ತಗ್ಗಿನಲ್ಲೇ, ಅದನ್ನು ತಿರುಗಿಸಿ ಹೇಳಿದಳು. ಅಷ್ಟರಲ್ಲಿ ನನಗೆ ಮುಂದಿನದು ಬಂತು.